ದುಬೈ ಮರಳಲ್ಲಿ ಕ್ವಾಡ್ ಬೈಕ್: ಹಾಸನ, ಚಿಕ್ಕಮಗಳೂರಿನಿಂದ ಹೊಸದಾಗಿ ಬಂದ ಮನೆಯವರಿಗೆ

ಅಕ್ಟೋಬರ್ ಮುಗಿದು ಸೆಕೆ ಇಳಿಯುತ್ತಿದ್ದಂತೆ ಊರಿಂದ ಬಂದವರೆಲ್ಲ ಮರುಭೂಮಿಗೆ ಹೊರಡುವ ಮಾತು ಎತ್ತುತ್ತಾರೆ. ದುಬೈಯಿಂದ ಹತ್ತಾ ಕಡೆಗೆ ಹೋಗುವ ರಸ್ತೆಯಲ್ಲಿ ಬಿಗ್ ರೆಡ್ ಅನ್ನುವ ಕೆಂಪು ಮರಳುದಿಬ್ಬ ಇದೆ. ಅದರ ಸುತ್ತ ಅಲ್ ಬದಾಯರ್, ಮದಾಂ ಕಡೆ ಕ್ವಾಡ್, ಅಂದರೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಬೈಕ್, ಬಾಡಿಗೆ ಕೊಡುವ ಅಂಗಡಿಗಳೂ ಇವೆ. "ಬೇಲೂರು ರಸ್ತೆಯಲ್ಲಿ ಇಷ್ಟು ವರ್ಷ ಸ್ಪ್ಲೆಂಡರ್ ಓಡಿಸಿದ್ದೀವಿ, ಇದೇನು ಮಹಾ" ಅನ್ನುವವರೇ ಜಾಸ್ತಿ. ಸಕಲೇಶಪುರದ ಹೋಂಸ್ಟೇಯಲ್ಲಿ ಮಣ್ಣಿನ ಹಾದಿಯ ಮೇಲೆ ಎರಡು ಸುತ್ತು ಹೊಡೆದು ಬಂದವರಿಗಂತೂ ಧೈರ್ಯ ಇನ್ನೂ ಒಂದು ಕೈ ಮೇಲೆ. ಈ ಬರಹ ಮುಖ್ಯವಾಗಿ ಅಂಥವರಿಗೇ. ಗಾಡಿ ಬರದವರು ಹೇಳಿದ್ದು ಕೇಳುತ್ತಾರೆ. ಬೈಕ್ ಬರುವವರೂ ಕಿವಿಯಿಂದ ಕೇಳುತ್ತಾರೆ, ಆದರೆ ಗಳಿಗೆ ಬಂದಾಗ ಕೈಕಾಲು ಹಳೆಯ ಅಭ್ಯಾಸವನ್ನೇ ಮಾಡುತ್ತವೆ.

ಬೈಕಿನ ನಾಲ್ಕು ಅಭ್ಯಾಸ ಬಿಡಬೇಕು

ಮೊದಲು ಕಾಲು. ಬೈಕ್ ವಾಲಿದರೆ ಕಾಲು ಕೊಡುವುದು ನಮಗೆ ಉಸಿರಾಡಿದಷ್ಟು ಸಲೀಸು. ಕ್ವಾಡ್‌ನಲ್ಲಿ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಹಿಮ್ಮಡಿಯ ಮೇಲೇ ಹತ್ತಿ, ಕಾಲು ತಿರುಚಿ, ಸವಾರನನ್ನು ಎಳೆದು ಬೀಳಿಸುತ್ತದೆ. ದೊಡ್ಡವರ ಕ್ವಾಡ್ ಸುಮಾರು 200ರಿಂದ 350 ಕೆಜಿ ತೂಗುತ್ತದೆ. ಅದನ್ನು ಕಾಲು ಕೊಟ್ಟು ತಡೆಯುವ ಪ್ರಶ್ನೆಯೇ ಇಲ್ಲ. ಗಾಡಿ ಎಷ್ಟೇ ವಾಲಿದರೂ ಪಾದ ಫುಟ್‌ರೆಸ್ಟ್ ಬಿಟ್ಟು ಕದಲಬಾರದು.

ಎರಡನೆಯದು ಆಕ್ಸಿಲರೇಟರ್. ಬೈಕಿನಂತೆ ಹಿಡಿ ತಿರುಚುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್. ಗಾಬರಿಯಾದರೆ ಯಾರೇ ಆದರೂ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾರೆ. ಹಿಡಿತ ಬಿಗಿಯಾದಾಗ ಹೆಬ್ಬೆರಳೂ ಒಳಕ್ಕೆ ಒತ್ತುತ್ತದೆ, ನಿಲ್ಲಬೇಕಾದ ಗಾಡಿ ಮುನ್ನುಗ್ಗುತ್ತದೆ. ಹೊಸಬರು ದಿಬ್ಬದ ಮೇಲಿಂದ ಹಾರುವುದು, ಮುಂದಿನ ಗಾಡಿಗೆ ಗುದ್ದುವುದು ಹೆಚ್ಚಾಗಿ ಹೀಗೇ. ಹಾಗಾಗಿ ದಿಬ್ಬಕ್ಕೆ ಹೋಗುವ ಮುಂಚೆ ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ಒಂದೇ ಅಭ್ಯಾಸ ಮಾಡಿ: ಹೊರಡುವುದು, ಹೆಬ್ಬೆರಳನ್ನು ಪೂರ್ತಿ ಮೇಲೆತ್ತುವುದು, ಆಮೇಲೆ ಬ್ರೇಕ್ ಹಿಡಿಯುವುದು. ಮರಳಲ್ಲಿ ಹೆಬ್ಬೆರಳು ಎತ್ತಿದರೆ ಸಾಕು, ಗಾಡಿ ತಾನೇ ಬೇಗ ನಿಧಾನವಾಗುತ್ತದೆ. ಬ್ರೇಕ್ ಜಗ್ಗುವ ಕೆಲಸ ಕಡಿಮೆ.

ಮೂರನೆಯದು ತಿರುವು. ಚಾರ್ಮಾಡಿ ಘಾಟಿಯಲ್ಲಿ ಬೈಕನ್ನೇ ವಾಲಿಸಿ ತಿರುಗಿಸುತ್ತೇವೆ. ಕ್ವಾಡ್ ವಾಲುವುದಿಲ್ಲ. ಸಾಮಾನ್ಯವಾಗಿ ಬಾಡಿಗೆಗೆ ಸಿಗುವ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿದ್ದು ಒಂದೇ ವೇಗದಲ್ಲಿ ಸುತ್ತುತ್ತವೆ, ಆದ್ದರಿಂದ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ. ವೇಗದಲ್ಲಿ ಹ್ಯಾಂಡಲ್ ಒಮ್ಮೆಲೇ ತಿರುಗಿಸಿದರೆ ಹೊರಗಿನ ಚಕ್ರಗಳು ಮರಳಲ್ಲಿ ಹೂತು ಗಾಡಿ ಮಗುಚುತ್ತದೆ. ಮೊದಲು ವೇಗ ಇಳಿಸಿ, ಆಮೇಲೆ ಹ್ಯಾಂಡಲ್ ತಿರುಗಿಸಿ. ಮೈಯನ್ನು ತಿರುವಿನ ಒಳಬದಿಗೆ ಸರಿಸಿ, ಹೊರಬದಿಯ ಫುಟ್‌ರೆಸ್ಟ್ ಮೇಲೆ ಭಾರ ಕೊಡಿ.

ನಾಲ್ಕನೆಯದು ಹಿಂದೆ ಕೂರಿಸಿಕೊಳ್ಳುವುದು. ಸೀಟು ಉದ್ದವಿದೆಯಲ್ಲ, ಹೆಂಡತಿಯೂ ಮಗುವೂ ಕೂರಬಹುದು ಅನಿಸುತ್ತದೆ. ಆ ಉದ್ದ ಇರುವುದು ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಸವಾರ ಒಬ್ಬನೇ ಸರಿಯಲಿಕ್ಕೆ. ಹಿಂದೆ ಇನ್ನೊಬ್ಬರು ಕೂತರೆ ಸರಿಯಲು ಜಾಗವೇ ಇರುವುದಿಲ್ಲ, ಏರಿನಲ್ಲಿ ಭಾರ ಹಿಂದಾಗಿ ಮುಂದಿನ ಚಕ್ರ ಎದ್ದು ಗಾಡಿ ಹಿಮ್ಮುಖವಾಗಿ ಮಗುಚುತ್ತದೆ. ಇಬ್ಬರಿಗೆಂದೇ ತಯಾರಾದ ಮಾದರಿಗಳಿವೆ, ಅವುಗಳಲ್ಲಿ ಹಿಂಬದಿಯವರಿಗೆ ಬೇರೆ ಸೀಟು, ಹಿಡಿ, ಫುಟ್‌ರೆಸ್ಟ್ ಇರುತ್ತವೆ. ಇವು ಮೂರೂ ಕಾಣದಿದ್ದರೆ ಅಂಗಡಿಯವನು ಏನೇ ಹೇಳಿದರೂ ಅದು ಒಬ್ಬರ ಗಾಡಿ. ಮಗುವನ್ನು ಪೆಟ್ರೋಲ್ ಟ್ಯಾಂಕ್ ಮೇಲೆ ಕೂರಿಸಿಕೊಂಡು ಪೇಟೆಗೆ ಹೋಗುವ ನಮ್ಮ ರೂಢಿಯಂತೂ ಇಲ್ಲಿ ಬೇಡವೇ ಬೇಡ.

ಯಾರು ಯಾವುದರಲ್ಲಿ

ಅಮೆರಿಕದ ಮಕ್ಕಳ ವೈದ್ಯರ ಸಂಘ 16 ವರ್ಷದೊಳಗಿನವರು ಕ್ವಾಡ್ ಓಡಿಸುವುದೇ ಬೇಡ ಅನ್ನುತ್ತದೆ. ನಮ್ಮ ಸಲಹೆಯೂ ಅದೇ. ಅಂಗಡಿಯಲ್ಲಿ 50 ಸಿಸಿ, 90 ಸಿಸಿಯ ಪುಟ್ಟ ಗಾಡಿಗಳು ಇರುತ್ತವೆ, ಮಕ್ಕಳು ಹಠ ಹಿಡಿಯುತ್ತಾರೆ. ಕೊಡಿಸಲೇಬೇಕು ಅಂತಾದರೆ ಬೇಲಿ ಹಾಕಿದ ಸಮತಟ್ಟು ಜಾಗದಲ್ಲಿ ಮಾತ್ರ ಕೊಡಿಸಿ. ವೇಗಕ್ಕೆ ಮಿತಿ ಹಾಕಿದ್ದಾರಾ ನೋಡಿ. ದೊಡ್ಡವರೊಬ್ಬರು ಪಕ್ಕದಲ್ಲಿ ಕಾಲ್ನಡಿಗೆಯಲ್ಲೇ ಇರಲಿ. ದಿಬ್ಬದ ಕಡೆಗೆ ಮಕ್ಕಳ ಗಾಡಿ ಹೊರಡಲೇ ಕೂಡದು. ತಲೆಗೆ ಸರಿಹೊಂದುವ ಹೆಲ್ಮೆಟ್ ಸಿಗದಿದ್ದರೆ ಆ ದಿನ ಸವಾರಿ ಇಲ್ಲ.

ಮನೆಮಂದಿ ಒಟ್ಟಿಗೆ ಹೋಗಬೇಕಾದರೆ ಬಗ್ಗಿ ಒಳ್ಳೆಯದು. ಅಕ್ಕಪಕ್ಕ ಸೀಟು, ಸ್ಟಿಯರಿಂಗ್, ಸೀಟ್ ಬೆಲ್ಟ್, ಮೇಲೆ ಕಬ್ಬಿಣದ ಪಂಜರ ಇರುವ ಗಾಡಿ ಅದು. ಬಾಡಿಗೆ ಕ್ವಾಡ್‌ಗಿಂತ ಜಾಸ್ತಿ, ಆದರೆ ಮಗುಚಿದರೆ ಪೆಟ್ಟನ್ನು ಪಂಜರ ತಿನ್ನುತ್ತದೆ. ಮಗು ಬೆನ್ನು ಸೀಟಿಗೆ ಒರಗಿಸಿ ಕೂತಾಗ ಎರಡೂ ಪಾದ ನೆಲಕ್ಕೆ ಮುಟ್ಟಬೇಕು, ಬೆಲ್ಟ್ ಕುತ್ತಿಗೆ ಮೇಲಲ್ಲ, ಭುಜದ ಮೇಲೆ ಹಾಯಬೇಕು. ಇಲ್ಲವಾದರೆ ಬಗ್ಗಿಯೂ ಬೇಡ, ತೊಡೆಯ ಮೇಲೆ ಕೂರಿಸಿಕೊಳ್ಳುವುದೂ ಬೇಡ. ಗಾಡಿ ವಾಲಿದಾಗ ಕೈ ಹೊರಗೆ ಚಾಚಿ ನೆಲ ಹಿಡಿಯಲು ಹೋದರೆ ಪಂಜರ ಕೈ ಮೇಲೇ ಬೀಳುತ್ತದೆ. ಎದುರಿನ ಹಿಡಿಯನ್ನು ಹಿಡಿದುಕೊಳ್ಳಬೇಕೆಂದು ಮಕ್ಕಳಿಗೆ ಮನೆಯಲ್ಲೇ ಹೇಳಿ ಅಭ್ಯಾಸ ಮಾಡಿಸಿ.

ಬಸುರಿಯರು, ಬೆನ್ನು ಕತ್ತಿನ ನೋವಿರುವವರು, ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಆಪರೇಷನ್ ಆದವರು ಎರಡರಲ್ಲೂ ಕೂರಬಾರದು. ಚಳಿಗಾಲ ಕಳೆಯಲು ಊರಿಂದ ಬರುವ ಅಪ್ಪ ಅಮ್ಮ, ಅತ್ತೆ ಮಾವ ಕ್ಯಾಂಪ್‌ನಲ್ಲಿ ನೆರಳಲ್ಲಿ ಕೂತು ನೋಡಲಿ. "ನಾವು ಮುಳ್ಳಯ್ಯನಗಿರಿಗೆ ಜೀಪಿನಲ್ಲಿ ಹೋಗಿಲ್ವಾ" ಅಂತ ಮಾವ ಹೊರಟೇ ನಿಂತರೆ, ಅವರ ಪ್ರಯಾಣ ವಿಮೆಯಲ್ಲಿ ಸಾಹಸ ಕ್ರೀಡೆಗೆ ಪರಿಹಾರ ಉಂಟಾ ಅಂತ ಮೊದಲು ಓದಿಸಿ. ಅಂಥ ಕ್ರೀಡೆಗಳನ್ನು ಹೊರಗಿಟ್ಟ ಪಾಲಿಸಿಗಳು ಬಹಳ. ಮಾವನ ಉತ್ಸಾಹವೂ ಸ್ವಲ್ಪ ತಣ್ಣಗಾಗುತ್ತದೆ.

ದಿನ, ಹೊತ್ತು, ಅಂಗಡಿ

ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಇಲ್ಲಿ 45 ಡಿಗ್ರಿ ದಾಟುತ್ತದೆ, ಆಗ ಮಕ್ಕಳೊಂದಿಗೆ ಹೋಗುವ ಯೋಚನೆ ಬೇಡ. ನಡುಮಧ್ಯಾಹ್ನವೂ ಬೇಡ. ಸೆಕೆಗಿಂತ ಮುಖ್ಯ ಕಾರಣ ಬೆಳಕು: ಸೂರ್ಯ ನೆತ್ತಿಯ ಮೇಲಿದ್ದಾಗ ಮರಳಿನಲ್ಲಿ ನೆರಳು ಬೀಳುವುದಿಲ್ಲ, ಎದುರಿಗೆ ಹಳ್ಳವಿದೆಯೋ ದಿಬ್ಬವಿದೆಯೋ ಕಣ್ಣಿಗೆ ತಿಳಿಯದೆ ಎಲ್ಲವೂ ಸಪಾಟಾಗಿ ಕಾಣುತ್ತದೆ. ಬೆಳಗ್ಗೆ ಒಳ್ಳೆಯದು, ಆದರೆ ಚಳಿಗಾಲದ ಮುಂಜಾನೆ ಮಂಜು ಕವಿದಿದ್ದರೆ ಅದು ಸರಿಯುವವರೆಗೆ ಕಾಯಿರಿ. ಸಂಜೆಯಾದರೆ ಮೂರು ಗಂಟೆಗೆ ಶುರು ಮಾಡಿ. ಡಿಸೆಂಬರ್‌ನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕತ್ತಲಲ್ಲಿ ದಿಬ್ಬದ ಮೇಲೆ ಇರಬಾರದು. 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಆ ಎರಡು ದಿನ ಬಿಗ್ ರೆಡ್ ಸುತ್ತ ಸ್ವಂತ ಜೀಪು, ಕಾರು ತಂದವರೂ ಅದೇ ದಿಬ್ಬ ಹತ್ತಿಳಿಯುತ್ತಿರುತ್ತಾರೆ, ನೆತ್ತಿಯ ಆಚೆಯಿಂದ ಯಾರು ಬರುತ್ತಿದ್ದಾರೆಂದು ಕಾಣುವುದಿಲ್ಲ. ವಾರದ ನಡುವೆ ರಜೆ ಸಿಕ್ಕರೆ ಆಗ ಹೋಗಿ. ಹವಾಮಾನ ಕೇಂದ್ರ ಗಾಳಿ ಅಥವಾ ಮಳೆಗೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಟ್ಟಿದ್ದರೆ ಆ ದಿನ ಮುಂದೂಡಿ.

ಅಂಗಡಿಯವರು ಲೈಸೆನ್ಸ್ ತೋರಿಸಬೇಕು, ಗೈಡ್ ಕೊಡಬೇಕು. ಗೈಡ್ ಇಲ್ಲದೆ "ಆ ಕಡೆ ಹೋಗಿ ಆಡಿ ಬನ್ನಿ" ಅನ್ನುವವರಿಂದ ತೆಗೆದುಕೊಳ್ಳಬೇಡಿ. ಸಹಿ ಹಾಕಿಸುವ ಕಾಗದದಲ್ಲಿ ಗಾಡಿ ಹಾಳಾದರೆ ಯಾರು ಎಷ್ಟು ಕೊಡಬೇಕು ಅನ್ನುವುದನ್ನು ಓದಿ. ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ, ಹಳೆಯ ಗೀರುಗಳಿಗೆಲ್ಲ ದುಡ್ಡು ತೆರುವುದು ತಪ್ಪುತ್ತದೆ. ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಮೊದಲ ಸಲಕ್ಕೆ ಅರ್ಧ ಗಂಟೆ ಸಾಕು. ಹೆಬ್ಬೆರಳು, ಮುಂಗೈ ಸೋತ ಮೇಲೆಯೇ ತಪ್ಪುಗಳಾಗುವುದು.

ಬಟ್ಟೆಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ದುಪಟ್ಟಾ, ಸೀರೆ, ಸಡಿಲ ಶಾಲು ಬೇಡ, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಜಡೆ ಅಂಗಿಯ ಒಳಗೆ ಇರಲಿ. ಪೂರ್ತಿ ತೋಳು, ಗಟ್ಟಿ ಜೀನ್ಸ್, ಹರಡು ಮುಚ್ಚುವ ಶೂ ಹಾಕಿ. ಸೈಲೆನ್ಸರ್ ತಾಗಿ ಮೀನಖಂಡ ಸುಡುವುದು ಇಲ್ಲಿ ಮಾಮೂಲು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಕನ್ನಡಕದಂಥ ಗಾಗಲ್ಸ್ ಕೇಳಿ ಪಡೆಯಿರಿ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ಇನ್ನು ಗಾಡಿಯ ಅಳತೆ: ಫುಟ್‌ರೆಸ್ಟ್ ಮೇಲೆ ಎದ್ದು ನಿಂತಾಗ ಸೀಟಿಗೂ ನಿಮಗೂ ನಡುವೆ ಸುಮಾರು 3ರಿಂದ 6 ಇಂಚು ಅಂತರ ಇದ್ದರೆ ಸರಿ. ಎಂಜಿನ್ ನಿಲ್ಲಿಸುವ ಕೆಂಪು ಬಟನ್ ಎಲ್ಲಿದೆ, ಮಣಿಕಟ್ಟಿಗೆ ಕಟ್ಟುವ ದಾರ ಇದೆಯಾ ಕೇಳಿ. ದಾರವಿದ್ದರೆ ಕಟ್ಟಿಕೊಳ್ಳಿ, ನೀವು ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ.

ದಿಬ್ಬದ ಮೇಲೆ

ಮರಳುದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸುವ ಕಡೆ ನಿಧಾನವಾಗಿ ಏರುತ್ತದೆ, ಗಟ್ಟಿಯಾಗಿರುತ್ತದೆ. ಆಚೆ ಮಗ್ಗುಲು ಮರಳು ಜಾರಿ ಬಿದ್ದು ಆದದ್ದು, 30ರಿಂದ 34 ಡಿಗ್ರಿ ಇಳಿಜಾರು, ಮೆತ್ತಗೆ. ಕಣದಲ್ಲಿ ಕಾಫಿ ಬೀಜ ರಾಶಿ ಸುರಿದರೆ ಒಂದು ಮಿತಿ ದಾಟಿದ ಮೇಲೆ ಕಡಿದಾಗದೆ ಜಾರುತ್ತದಲ್ಲ, ಹಾಗೆ. ಇಲ್ಲಿ ಶಮಾಲ್ ಗಾಳಿ ವಾಯವ್ಯದಿಂದ ಬೀಸುವುದರಿಂದ ಕಡಿದಾದ ಮುಖ ಸಾಮಾನ್ಯವಾಗಿ ಆಗ್ನೇಯಕ್ಕಿರುತ್ತದೆ, ಆದರೆ ದಿಬ್ಬ ದಿಬ್ಬಕ್ಕೂ ವ್ಯತ್ಯಾಸ ಇರುವುದರಿಂದ ದಿಕ್ಕನ್ನೇ ನಂಬಿ ಹೋಗಬೇಡಿ. ಏರುವಾಗ ಆ ಆಚೆ ಮುಖ ಕಾಣುವುದೇ ಇಲ್ಲ. ವೇಗದಲ್ಲಿ ನೆತ್ತಿ ದಾಟಿದರೆ ಗಾಡಿ ಗಾಳಿಯಲ್ಲಿರುತ್ತದೆ, ಮೂಗು ಮೊದಲು ನೆಲಕ್ಕೆ ಬೀಳುತ್ತದೆ, ಮೇಲಿಂದ 300 ಕೆಜಿ ಬರುತ್ತದೆ. ಅದಕ್ಕೇ ನೆತ್ತಿ ಹತ್ತಿರವಾಗುತ್ತಿದ್ದಂತೆ ಹೆಬ್ಬೆರಳು ಸಡಿಲಿಸಿ, ಮುಂದಿನ ಚಕ್ರ ಅಂಚಿಗೆ ಬಂದಾಗ ನಿಲ್ಲುವಷ್ಟು ನಿಧಾನವಾಗಿ. ಆಚೆ ನೋಡಿಯೇ ಇಳಿಯಿರಿ.

ಏರುವುದು, ಇಳಿಯುವುದು ಎರಡೂ ನೇರ ಗೆರೆಯಲ್ಲಿ. ಏರಿನಲ್ಲಿ ಮೈ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ. ಎಸ್ಟೇಟ್ ರಸ್ತೆಯಲ್ಲಿ ಜೀಪನ್ನು ಅಡ್ಡಡ್ಡ ಹತ್ತಿಸುವ ಜಾಣತನ ಇಲ್ಲಿ ನಡೆಯದು, ಇಳಿಜಾರಿಗೆ ಅಡ್ಡವಾದ ಕ್ವಾಡ್‌ನ ಕೆಳಬದಿ ಚಕ್ರಗಳು ಮರಳಲ್ಲಿ ಇಳಿದು ಗಾಡಿ ಉರುಳುತ್ತದೆ.

ಅರ್ಧ ಏರಿನಲ್ಲಿ ಗಾಡಿ ನಿಂತಿತು ಅಂದುಕೊಳ್ಳಿ. ತಿರುಗಿಸಲು ಹೋಗಬೇಡಿ. ಮೈ ಮುಂದಕ್ಕೆ ಬಗ್ಗಿಸಿ ಮುಂದಿನ ಬ್ರೇಕ್ ಹಿಡಿಯಿರಿ. ಪೂರ್ತಿ ನಿಂತ ಮೇಲೆ ಹಿಂದಿನದನ್ನೂ, ಪಾರ್ಕಿಂಗ್ ಬ್ರೇಕನ್ನೂ ಹಾಕಿ, ಪಕ್ಕಕ್ಕೆ ಇಳಿದು ಗೈಡ್‌ಗೆ ಕೈ ಬೀಸಿ. ಹಿಂದಕ್ಕೆ ಉರುಳುವಾಗ ಹಿಂದಿನ ಬ್ರೇಕ್ ಮಾತ್ರ ಜಗ್ಗಿದರೆ ಮುಂದಿನ ಚಕ್ರ ಎದ್ದು ಗಾಡಿ ನಿಮ್ಮ ಮೇಲೇ ಮಗುಚುತ್ತದೆ. ಯಾವ ಲಿವರ್ ಮುಂದಿನದು, ಯಾವುದು ಹಿಂದಿನದು ಅಂತ ಸಮತಟ್ಟು ಜಾಗದಲ್ಲೇ ಖಾತ್ರಿ ಮಾಡಿಕೊಳ್ಳಬೇಕಾದ್ದು ಇದಕ್ಕೇ. ಚಕ್ರ ಹೂತಾಗ ಹೆಬ್ಬೆರಳು ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿದು, ಚಕ್ರಗಳ ಮುಂದಿನ ಮರಳನ್ನು ಕೈಯಿಂದ ತೆಗೆದು, ಮೆಲ್ಲಗೆ ಹೊರಡಿಸಿ.

ಸಾಲಿನಲ್ಲಿ ಗೈಡ್ ಮುಂದೆ, ಅವನ ಬೆನ್ನಿಗೇ ಎಲ್ಲರಿಗಿಂತ ಹೊಸಬರು, ಕೊನೆಗೆ ಚೆನ್ನಾಗಿ ಬರುವವರು. ನಡುವೆ 25-30 ಮೀಟರ್ ಬಿಡಿ. ಮುಂದಿನವರು ಏರಿ, ಆಚೆ ಇಳಿದು, ಪಕ್ಕಕ್ಕೆ ಸರಿದು ಕೈ ತೋರಿಸುವವರೆಗೆ ಹಿಂದಿನವರು ಹೊರಡಬಾರದು. ನೆತ್ತಿಯ ಆಚೆ ಕೆಳಗೆ ಫೋಟೋಗೆಂದು ನಿಲ್ಲಬೇಡಿ, ಹಿಂದಿನವರು ನಿಮ್ಮ ಮೇಲೇ ಇಳಿಯುತ್ತಾರೆ. ಪ್ರತಿ ಗಾಡಿಗೂ ಎತ್ತರದ ಬಾವುಟದ ಕೋಲು ಇರುವ ಅಂಗಡಿಯನ್ನೇ ಹುಡುಕಿ. ಒಂಟೆಗಳು ಕಂಡರೆ ನಿಧಾನ ಮಾಡಿ ದೂರದಿಂದ ಹೋಗಿ. ಅಲ್ಲಲ್ಲಿ ಕಾಣುವ ಗಾಫ್ ಮರಗಳ ಬುಡಕ್ಕೂ ಗಾಡಿ ಹತ್ತಿಸಬೇಡಿ. ನಮ್ಮಲ್ಲಿ ದಸರಾಕ್ಕೆ ಪೂಜೆ ಮಾಡುವ ಬನ್ನಿ ಮರವೇ ಅದು, ಇಲ್ಲಿಯ ರಾಷ್ಟ್ರೀಯ ಮರ.

ನೀರು ಒಬ್ಬರಿಗೆ ಎರಡು ಲೀಟರ್ ಲೆಕ್ಕದಲ್ಲಿ ಇಟ್ಟುಕೊಳ್ಳಿ, ಬಾಯಾರುವ ಮುಂಚೆಯೇ ಕುಡಿಯಿರಿ. ಊಟ ಸವಾರಿ ಮುಗಿದ ಮೇಲೆ. ಕಟ್ಟಿಕೊಂಡು ಹೋಗುವುದಾದರೆ ಪುಳಿಯೋಗರೆ ತಾಳುತ್ತದೆ, ಮೊಸರನ್ನ ಐಸ್ ಪೆಟ್ಟಿಗೆ ಇಲ್ಲದೆ ಹುಳಿಯಾಗುತ್ತದೆ. ಮಗು ಮಂಕಾದರೆ, ತಲೆನೋವು ಅಂದರೆ, ವಾಂತಿ ಮಾಡಿದರೆ ನೆರಳಿಗೆ ತಂದು ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ ಅಥವಾ ಗೊಂದಲದಲ್ಲಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಸಿ.

ಆಂಬುಲೆನ್ಸ್ 998, ಪೊಲೀಸ್ 999. ಕ್ಯಾಂಪ್‌ಗೆ ತಲುಪಿದ ಕೂಡಲೇ ಫೋನಿನಲ್ಲಿ ಆ ಜಾಗದ ಲೊಕೇಶನ್ ಉಳಿಸಿ, ಮನೆಯಲ್ಲಿರುವ ಒಬ್ಬರಿಗೆ ಕಳಿಸಿಡಿ, ದಿಬ್ಬಗಳ ನಡುವೆ ವಿಳಾಸ ಹೇಳಲು ಏನೂ ಇರುವುದಿಲ್ಲ. ಯಾರಾದರೂ ಗಾಡಿಯ ಅಡಿ ಸಿಕ್ಕಿದ್ದರೆ ಮೊದಲು ಎಂಜಿನ್ ಆರಿಸಿ, ನಾಲ್ಕು ಜನ ಸೇರಿ ಗಾಡಿ ಎತ್ತಿ. ಎದೆಯ ಮೇಲಿನ ಭಾರಕ್ಕೆ ಉಸಿರು ನಿಲ್ಲುವುದು ನಿಮಿಷಗಳ ಮಾತು. ಭಾರ ತೆಗೆದ ಮೇಲೆ, ಉಸಿರಾಡುತ್ತಿದ್ದರೆ, ಹೆಲ್ಮೆಟ್ ಎಳೆಯಬೇಡಿ, ಕೂರಿಸಬೇಡಿ, ಕುತ್ತಿಗೆ ಅಲುಗದಂತೆ ಹಿಡಿದು ಕಾಯಿರಿ. ಸಣ್ಣ ಗಾಯವಾದರೆ ಅಂಗಡಿಯವರು "ನಾವೇ ನೋಡಿಕೊಳ್ತೀವಿ, ಪೊಲೀಸ್ ಯಾಕೆ" ಅನ್ನಬಹುದು. ಆಗಲೂ 999ಕ್ಕೆ ಕರೆ ಮಾಡಿ, ಮುಂದೆ ವಿಮೆಯವರು ಕೇಳುವ ಮೊದಲ ಕಾಗದ ಪೊಲೀಸ್ ವರದಿ.