ಇಥೀರಿಯಂ ನೋಡ್‌ಗಳ ನಡುವೆ ಈವೆಂಟ್‌ಗಳ ಕ್ರಮ ಸರಿಪಡಿಸಿದ ಬಗೆ

ಪುಣೆಯ ಹಿಂಜವಡಿಯಲ್ಲಿ ನಮ್ಮ ತಂಡ ನಡೆಸುವ ಇಂಡೆಕ್ಸರ್ (ಬ್ಲಾಕ್‌ಚೈನ್ ದಾಖಲೆಗಳನ್ನು ಓದಿ ಡೇಟಾಬೇಸ್‌ಗೆ ಸೇರಿಸುವ ತಂತ್ರಾಂಶ) ಎರಡು ಇಥೀರಿಯಂ ನೋಡ್‌ಗಳಿಂದ (ಆ ಬ್ಲಾಕ್‌ಚೈನಿನ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳಿಂದ) ಲಾಗ್‌ಗಳನ್ನು, ಅಂದರೆ ಕಾಂಟ್ರ್ಯಾಕ್ಟ್‌ಗಳು (ಬ್ಲಾಕ್‌ಚೈನ್ ಮೇಲೆ ನಡೆಯುವ ಪ್ರೋಗ್ರಾಂಗಳು) ದಾಖಲಿಸುವ ಈವೆಂಟ್‌ಗಳನ್ನು, ಓದುತ್ತದೆ. ಒಂದೇ ಕಾಂಟ್ರ್ಯಾಕ್ಟಿನ ವರ್ಗಾವಣೆಗಳು ಎರಡು ಡೇಟಾಬೇಸ್‌ಗಳಲ್ಲಿ ಬೇರೆ ಬೇರೆ ಕ್ರಮದಲ್ಲಿ ದಾಖಲಾಗುತ್ತಿದ್ದವು. ಜಮೆಗೆ ಮೊದಲೇ ಖರ್ಚು ಬಿದ್ದು ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುತ್ತಿತ್ತು.

ಟೈಮ್‌ಸ್ಟ್ಯಾಂಪ್ ಪ್ರಕಾರ ವಿಂಗಡಿಸಿದ್ದು ಫಲಿಸಲಿಲ್ಲ, ಏಕೆಂದರೆ ಒಂದು ಬ್ಲಾಕಿನ (ಒಟ್ಟಿಗೆ ದಾಖಲಾಗುವ ವಹಿವಾಟುಗಳ ಕಂತೆಯ) ಎಲ್ಲ ವಹಿವಾಟುಗಳಿಗೂ ಸಮಯ ಒಂದೇ. ಸರ್ವರ್ ಗಡಿಯಾರಗಳನ್ನು ಹೊಂದಿಸಿದ್ದೂ ವ್ಯರ್ಥವಾಯಿತು. 12 ಬ್ಲಾಕ್‌ಗಳಷ್ಟು ಕಾದಾಗ ದೋಷ ವಿರಳವಾಯಿತೇ ಹೊರತು ನಿಲ್ಲಲಿಲ್ಲ.

ಪರಿಹಾರ ದೊರೆತದ್ದು ಲಾಗ್ ಕೇಳುವ ವಿಧಾನವನ್ನೇ ಬದಲಿಸಿದಾಗ. ಬ್ಲಾಕ್ ಸಂಖ್ಯೆ ಕೊಟ್ಟು ಕೇಳಿದರೆ ಹಿಂದುಳಿದ, ಅಂದರೆ ಆ ಬ್ಲಾಕ್ ಇನ್ನೂ ತಲುಪದ, ನೋಡ್ ಯಾವ ದೋಷವನ್ನೂ ತೋರಿಸದೆ ಖಾಲಿ ಪಟ್ಟಿ ಕೊಡುತ್ತಿತ್ತು. ಬ್ಲಾಕ್‌ಹ್ಯಾಶ್ (ಬ್ಲಾಕಿನ ವಿಷಯದಿಂದಲೇ ಲೆಕ್ಕಹಾಕಿದ ಅದರ ವಿಶಿಷ್ಟ ಗುರುತು) ಕೊಟ್ಟು ಕೇಳಿದರೆ, ಆ ಬ್ಲಾಕ್ ತನ್ನಲ್ಲಿ ಇಲ್ಲವೆಂದು ಅದು ದೋಷಸಂದೇಶ ಕಳುಹಿಸುತ್ತದೆ, ಆಗ ಮತ್ತೆ ಕೇಳಬಹುದು. ಈ ವ್ಯತ್ಯಾಸವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಈಗಿನ ವಿಧಾನ ಹೀಗಿದೆ: ಮೊದಲು ಹೊಸ ಬ್ಲಾಕಿನ ಪೇರೆಂಟ್‌ಹ್ಯಾಶ್ (ಅದರ ಹಿಂದಿನ ಬ್ಲಾಕಿನ ಹ್ಯಾಶ್), ನಾವು ಕೊನೆಯದಾಗಿ ಉಳಿಸಿದ ಬ್ಲಾಕಿನ ಹ್ಯಾಶ್‌ಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ತಾಳೆಯಾಗದಿದ್ದರೆ ಸರಪಳಿ ಕವಲೊಡೆದಿದೆ ಎಂದರ್ಥ. ಎರಡಕ್ಕೂ ಸಾಮಾನ್ಯವಾದ ಪೂರ್ವಬ್ಲಾಕಿನವರೆಗೆ ಹಿಂದೆ ಸರಿದು, ಅದರ ನಂತರದ ಸಾಲುಗಳನ್ನು ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ಅಳಿಸಬೇಕು. ಆಮೇಲೆ ಹ್ಯಾಶ್ ಮೂಲಕ ಲಾಗ್ ತಂದು, ಬ್ಲಾಕ್ ಸಂಖ್ಯೆ ಮತ್ತು ಲಾಗ್‌ಇಂಡೆಕ್ಸ್ (ಬ್ಲಾಕಿನೊಳಗೆ ಲಾಗ್‌ನ ಕ್ರಮಸಂಖ್ಯೆ) ಪ್ರಕಾರ ಜೋಡಿಸಬೇಕು. ಲಾಗ್‌ಇಂಡೆಕ್ಸ್ ಇಡೀ ಬ್ಲಾಕಿಗೆ ಅನ್ವಯಿಸುವುದರಿಂದ ವಹಿವಾಟಿನ ಸೂಚ್ಯಂಕ ಬೇರೆ ಬೇಕಿಲ್ಲ. ಯೂನಿಕ್ ಕೀ (ಡೇಟಾಬೇಸ್‌ನಲ್ಲಿ ಪುನರಾವರ್ತನೆಯಾಗದ ಗುರುತು) ಆಗಿ ಬ್ಲಾಕ್‌ಹ್ಯಾಶ್ ಮತ್ತು ಲಾಗ್‌ಇಂಡೆಕ್ಸ್‌ಗಳ ಜೋಡಿಯನ್ನು ಇಟ್ಟರೆ ಒಂದೇ ಲಾಗ್ ಎರಡು ಸಲ ಸೇರದು.

ಶಿಲ್ಕಿನ ಲೆಕ್ಕವನ್ನು ಮಾತ್ರ ‘ಫೈನಲೈಸ್ಡ್’ (ಇನ್ನು ಬದಲಾಗದೆಂದು ಅಂತಿಮಗೊಂಡ) ಟ್ಯಾಗ್ ತಲುಪಿದ ಬ್ಲಾಕಿನವರೆಗಷ್ಟೇ ಮುಟ್ಟಿಸುತ್ತೇವೆ. ಒಂದು ಬ್ಲಾಕಿಗೆ ಮೀಸಲಾದ 12 ಸೆಕೆಂಡಿನ ಅವಧಿಯೇ ಸ್ಲಾಟ್, ಅಂಥ 32 ಸ್ಲಾಟ್‌ಗಳಿಗೆ ಒಂದು ಇಪಾಕ್; ಸಾಮಾನ್ಯ ಸ್ಥಿತಿಯಲ್ಲಿ ಎರಡು ಇಪಾಕ್‌ಗಳು, ಅಂದರೆ ಸುಮಾರು 13 ನಿಮಿಷ ಅಥವಾ ತುಸು ಹೆಚ್ಚು ಕಾಯಬೇಕಾಗುತ್ತದೆ.