ಬದಲಿ ಟೀಚರ್ ಕೆಲಸ ಹೋಯ್ತಾ? ಮುಂದಿನ ಕೆಲಸ ಹುಡುಕೋದು ಹೀಗೆ

ಬದಲಿ ಟೀಚರ್ ಕೆಲಸ ಹೋಗೋದು ಸದ್ದಿಲ್ಲದೇನೇ. ಯಾರೂ ಕರೆದು ಕೂರಿಸಿ 'ನಿಮ್ಮನ್ನ ತೆಗೀತಿದ್ದೀವಿ' ಅನ್ನಲ್ಲ. ರಜೆ ಮೇಲಿದ್ದ ಮೇಡಂ ಸೋಮವಾರದಿಂದ ಬರ್ತಾರಂತೆ ಅಂತ ಅಟೆಂಡರ್ ಬಾಯಿಂದ ಗೊತ್ತಾಗುತ್ತೆ, ಇಲ್ಲಾ ವಾರಕ್ಕೆ ನಾಲ್ಕು ಸಲ ಬರ್ತಿದ್ದ ಫೋನು ಎರಡಾಗಿ, ಒಂದಾಗಿ, ಆಮೇಲೆ ನಿಂತೇ ಹೋಗುತ್ತೆ. ನನ್ನದು ಮೊದಲನೇ ಥರದ್ದು. ಒಬ್ಬರ ಹೆರಿಗೆ ರಜೆಗೆ ಏಳು ತಿಂಗಳು ಗಣಿತ ಮಾಡಿದ್ದೆ. ಕೊನೇ ದಿನ ಹಾಜರಿ ಪುಸ್ತಕ, ಬೀರು ಕೀಲಿ, ಅರ್ಧ ತಿದ್ದಿದ್ದ ಟೆಸ್ಟ್ ಪೇಪರ್ ಕಟ್ಟು ಎಲ್ಲಾ ಒಪ್ಪಿಸಿ ಗೇಟ್ ದಾಟಿದ್ಮೇಲೆ ನೋಡ್ತೀನಿ, ಜೇಬಲ್ಲಿ ಸ್ಕೂಲಿನ ಕೆಂಪು ಪೆನ್ನು ಹಾಗೇ ಉಳಿದಿದೆ. ಪೆನ್ನು ತಂದೆ, ತರಬೇಕಾಗಿದ್ದನ್ನ ತರಲಿಲ್ಲ. ಅನುಭವ ಪತ್ರ ಬೇಕು ಅಂತ ಎರಡು ತಿಂಗಳಾದ್ಮೇಲೆ ಹೋದ್ರೆ ಎಚ್‌ಎಂ ಬದಲಾಗಿದ್ರು, ಆಫೀಸಲ್ಲಿ 'ಕಾಯಂ ಆದವರ ಫೈಲ್ ಮಾತ್ರ ಇಡ್ತೀವಿ' ಅಂದ್ರು. ಏಳು ತಿಂಗಳು ನಾನು ಅಲ್ಲಿ ಇದ್ದೆ ಅನ್ನೋದಕ್ಕೆ ಸಾಕ್ಷಿ ಆ ಪೆನ್ನೊಂದೇ.

ಅದಕ್ಕೇ ಈ ಲೇಖನ ರೆಸ್ಯೂಮೆಯಿಂದ ಶುರುವಾಗಲ್ಲ, ಕಾಗದದಿಂದ ಶುರುವಾಗುತ್ತೆ.

ಮೊದಲ ವಾರ: ನೆನಪು ಹಸಿ ಇರುವಾಗಲೇ ಕಾಗದ ತಗೊಳ್ಳಿ

ಬದಲಿ ಟೀಚರನ್ನ ಸ್ಕೂಲು ಬಲು ಬೇಗ ಮರೆಯುತ್ತೆ. ಕೆಟ್ಟವರು ಅಂತಲ್ಲ, ಅವರಿಗೆ ನೀವು ಒಂದು ಖಾಲಿ ಜಾಗ ತುಂಬಿದವರು ಅಷ್ಟೇ, ಜಾಗ ತುಂಬಿದ್ಮೇಲೆ ಹೆಸರು ಯಾಕೆ ನೆನಪಿಟ್ಕೋತಾರೆ. ಹಾಗಾಗಿ ಕೆಲಸ ಮುಗಿದ ವಾರದಲ್ಲೇ ಅನುಭವ ಪತ್ರ ಕೇಳಿ, ಬರೀ ಕೇಳಬೇಡಿ, ನೀವೇ ಡ್ರಾಫ್ಟ್ ಮಾಡಿ ತಗೊಂಡು ಹೋಗಿ, ಲೆಟರ್‌ಹೆಡ್ಡಲ್ಲಿ ಪ್ರಿಂಟ್ ಹಾಕಿ ಸೈನು ಸೀಲು ಹಾಕೋದಷ್ಟೇ ಅವರ ಕೆಲಸ ಆಗ್ಬೇಕು. ಯಾವ ತಾರೀಕಿಂದ ಯಾವ ತಾರೀಕಿನವರೆಗೆ, ಯಾವ ಕ್ಲಾಸು, ಯಾವ ವಿಷಯ, ವಾರಕ್ಕೆ ಎಷ್ಟು ಪೀರಿಯಡ್, ಪರೀಕ್ಷೆ ಪೇಪರ್ ತೆಗೆದು ತಿದ್ದಿದ್ರೆ ಅದು, ಇಷ್ಟೂ ಇರ್ಲಿ. ಇನ್ನೊಂದು ಸಾಲು ಮಾತ್ರ ಮರೀಬೇಡಿ: 'ಕಾಯಂ ಶಿಕ್ಷಕರು ಕರ್ತವ್ಯಕ್ಕೆ ಮರಳಿದ್ದರಿಂದ ಇವರ ಸೇವೆ ಮುಕ್ತಾಯವಾಗಿರುತ್ತದೆ.' ಮುಂದೆ ಯಾವ ಇಂಟರ್‌ವ್ಯೂಗೆ ಹೋದ್ರೂ 'ಯಾಕೆ ಬಿಟ್ರಿ' ಅಂತ ಕೇಳೇ ಕೇಳ್ತಾರೆ, ಆಗ ಈ ಸಾಲೇ ನಿಮ್ಮ ಪರವಾಗಿ ಮಾತಾಡುತ್ತೆ.

ರೆಫರೆನ್ಸ್‌ಗೆ ಇಬ್ಬರನ್ನ ಇಟ್ಕೊಳ್ಳಿ. ಎಚ್‌ಎಂ ಒಬ್ಬರು ಸರಿ. ಇನ್ನೊಬ್ಬರು ಪಕ್ಕದ ಕ್ಲಾಸಿನ ಟೀಚರ್ ಆದ್ರೆ ಒಳ್ಳೇದು, ಯಾಕಂದ್ರೆ ಎಚ್‌ಎಂ ನಿಮ್ಮ ಕ್ಲಾಸ್ ನೋಡಿರೋದು ಒಂದೋ ಎರಡೋ ಸಲ, ಪಕ್ಕದವರು ಗೋಡೆಯಾಚೆಯಿಂದ ದಿನಾ ಕೇಳಿರ್ತಾರೆ. ಅವರ ಸ್ವಂತ ನಂಬರ್ ತಗೊಳ್ಳಿ, ಸ್ಕೂಲ್ ನಂಬರ್ ಬೇಡ, ಅವರೂ ನಾಳೆ ಬೇರೆ ಕಡೆ ಹೋಗಬಹುದು.

ಇದರ ಜೊತೆಗೇ ಒಂದು ನೇರ ಪ್ರಶ್ನೆ ಕೇಳ್ಬಿಡಿ: ನನ್ನ ಹೆಸರು ಬದಲಿ ಪಟ್ಟಿಯಲ್ಲಿ ಇನ್ನೂ ಇದೆಯಾ, ತೆಗೆದಿದ್ದೀರಾ? ಕೇಳೋಕೆ ಮುಜುಗರ ಆಗುತ್ತೆ, ಆದ್ರೂ ಉತ್ತರ ಬರವಣಿಗೆಯಲ್ಲಿ ಇದ್ರೆ ಒಳ್ಳೇದು, ಒಂದು ಮೆಸೇಜ್ ಆದ್ರೂ ಸಾಕು. ನಿರುದ್ಯೋಗ ಭತ್ಯೆ ಕೊಡೋ ದೇಶಗಳಲ್ಲಿ ಇದು ದುಡ್ಡಿನ ವಿಷಯಾನೂ ಹೌದು. ಅಮೆರಿಕದಲ್ಲಿ ನೋಡಿ, ಸ್ಕೂಲಿನ ರಜೆ ಮುಗಿದ್ಮೇಲೆ ಮತ್ತೆ ಕರೀತೀವಿ ಅಂತ ಸ್ಕೂಲಿಂದ ಸಮಂಜಸ ಅನ್ನಿಸೋ ಭರವಸೆ ಇದ್ರೆ, ಆ ಸ್ಕೂಲ್ ಸಂಬಳದ ಲೆಕ್ಕದಲ್ಲಿ ರಜೆ ದಿನಗಳಿಗೆ ಭತ್ಯೆ ಸಿಗಲ್ಲ. ಅಂದ್ರೆ 'ನೋಡೋಣ, ಕರೀತೀವಿ' ಅನ್ನೋ ಮಾತಿಗೂ 'ಕೆಲಸ ಇಲ್ಲ' ಅನ್ನೋ ಮಾತಿಗೂ ಅಲ್ಲಿ ತುಂಬಾ ವ್ಯತ್ಯಾಸ ಇದೆ. ನೀವಿರೋ ಕಡೆ ಅಂಥ ಭತ್ಯೆ ಇದ್ರೆ ಕೆಲಸ ನಿಂತ ವಾರದಲ್ಲೇ ವಿಚಾರಿಸಿ.

ಎರಡು ನೋಟ್‌ಬುಕ್

ಒಂದರಲ್ಲಿ ಸಿಟ್ಟು ಬರೀರಿ. ತಮಾಷೆಗೆ ಹೇಳ್ತಿಲ್ಲ. 1994ರಲ್ಲಿ ಸ್ಪೆರಾ, ಬುರ್‌ಫೈಂಡ್, ಪೆನ್ನೆಬೇಕರ್ ಅನ್ನೋ ಸಂಶೋಧಕರು ಕೆಲಸ ಕಳ್ಕೊಂಡಿದ್ದ 63 ಜನರ ಮೇಲೆ ಒಂದು ಪ್ರಯೋಗದ ವರದಿ ಹೊರತಂದ್ರು. ಒಂದು ಗುಂಪು ದಿನಕ್ಕೆ 20 ನಿಮಿಷದ ಹಾಗೆ ಐದು ದಿನ ಕೆಲಸ ಹೋದದ್ದರ ಬಗ್ಗೆ ಮನಸ್ಸಲ್ಲಿರೋದನ್ನೆಲ್ಲ ಬರೀಬೇಕಿತ್ತು, ಉಳಿದವರಲ್ಲಿ ಕೆಲವರು ಬರೀ ದಿನದ ಪ್ಲಾನು ಬರೆದ್ರು, ಕೆಲವರು ಏನೂ ಬರೀಲಿಲ್ಲ. ಎಂಟು ತಿಂಗಳಾದ್ಮೇಲೆ ನೋಡಿದ್ರೆ ಮನಸ್ಸಿಂದ ಬರೆದವರಲ್ಲಿ ಅರ್ಧದಷ್ಟು ಜನಕ್ಕೆ ಕೆಲಸ ಸಿಕ್ಕಿತ್ತು, ಉಳಿದ ಗುಂಪುಗಳಲ್ಲಿ ಅಷ್ಟು ಜನಕ್ಕೆ ಸಿಕ್ಕಿರಲಿಲ್ಲ. 63 ಜನ ಅಂದ್ರೆ ಸಣ್ಣ ಗುಂಪು, ಅದನ್ನ ವೇದವಾಕ್ಯ ಮಾಡ್ಕೊಳ್ಳೋದು ಬೇಡ. ಆದ್ರೆ ಸಿಟ್ಟು ನೋಟ್‌ಬುಕ್ಕಲ್ಲಿ ಖಾಲಿಯಾದ್ರೆ ಇಂಟರ್‌ವ್ಯೂನಲ್ಲಿ ಉಕ್ಕಲ್ಲ, ಅಷ್ಟು ನಾನೇ ಗ್ಯಾರಂಟಿ ಕೊಡ್ತೀನಿ.

ಇನ್ನೊಂದು ನೋಟ್‌ಬುಕ್ ಇನ್ನೂ ಮುಖ್ಯ. ನೀವು ಮಾಡಿದ ಕೆಲಸಾನ ಅದರಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಬರೀರಿ. ಬದಲಿ ಟೀಚರ್‌ಗಳಿಗೆ ಒಂದು ರೋಗ ಇದೆ, ಏನು ಮಾಡ್ತಿದ್ರಿ ಅಂದ್ರೆ 'ಏನಿಲ್ಲ, ಸುಮ್ನೆ ಟೆಂಪರರಿ' ಅಂತೀವಿ. ಸುಮ್ನೆ ಅಲ್ಲ ರೀ. ಬೆಳಿಗ್ಗೆ ಏಳಕ್ಕೆ ಫೋನ್ ಬಂದು ಎಂಟೂವರೆಗೆ ಗೊತ್ತಿಲ್ಲದ ಸ್ಕೂಲು, ಗೊತ್ತಿಲ್ಲದ ಕ್ಲಾಸು, ನಲವತ್ತು ಗೊತ್ತಿಲ್ಲದ ಮುಖ, ಲೆಸನ್ ಪ್ಲಾನ್ ಬಿಟ್ಟು ಹೋಗಿರಲ್ಲ, 'ನಮ್ಮ ಸರ್ ಹಿಂಗ್ ಮಾಡಲ್ಲ ಸರ್' ಅಂತ ಹಿಂದಿನ ಬೆಂಚಿಂದ ಶುರುವಾಗಿರುತ್ತೆ, ಐದು ನಿಮಿಷದೊಳಗೆ ಅವರೆಲ್ಲ ಪುಸ್ತಕ ತೆಗೆದು ಲೆಕ್ಕ ಮಾಡ್ತಾ ಕೂತಿರ್ತಾರಲ್ಲ, ಅದನ್ನ ಹೇಗೆ ಮಾಡಿದ್ರಿ? ಆ 'ಹೇಗೆ' ಅನ್ನೋದೇ ನಿಮ್ಮ ಬಂಡವಾಳ. ಕಾಯಂ ಟೀಚರ್‌ಗೆ ವರ್ಷಕ್ಕೊಂದೇ ಮೊದಲ ದಿನ, ನಮಗೆ ದಿನಾ ಮೊದಲ ದಿನಾನೇ.

ರೆಸ್ಯೂಮೆ: 'ತಾತ್ಕಾಲಿಕ' ಅನ್ನೋ ಪದದ ಹಿಂದೆ ಅವಿತುಕೊಳ್ಳಬೇಡಿ

ನನ್ನ ಮೊದಲ ರೆಸ್ಯೂಮೆಯಲ್ಲಿ ಇದ್ದದ್ದು ಇಷ್ಟೇ: 'ತಾತ್ಕಾಲಿಕ ಗಣಿತ ಶಿಕ್ಷಕ, ಏಳು ತಿಂಗಳು.' ಓದಿದವರಿಗೆ ಏನು ತಿಳಿಯುತ್ತೆ? ಆಮೇಲೆ ಎರಡನೇ ನೋಟ್‌ಬುಕ್ ಮುಂದಿಟ್ಕೊಂಡು ಬದಲಾಯಿಸಿದ್ದು ಹೀಗೆ: 'ಶೈಕ್ಷಣಿಕ ವರ್ಷದ ಮಧ್ಯದಲ್ಲಿ ಮೂರು ತರಗತಿಗಳ ಗಣಿತ ವಹಿಸಿಕೊಂಡು ಎರಡು ಅಧ್ಯಾಯ ಹಿಂದಿದ್ದ ಪಾಠವನ್ನು ಪರೀಕ್ಷೆಗೆ ಮೊದಲು ಮುಗಿಸಿದೆ, ಹಿಂದುಳಿದ ಮಕ್ಕಳಿಗೆ ವಾರಕ್ಕೆರಡು ದಿನ ಬೆಳಗಿನ ಕ್ಲಾಸ್ ನಡೆಸಿದೆ.' ಕೆಲಸ ಅದೇ. ಸುಳ್ಳು ಒಂದೂ ಇಲ್ಲ.

ಹತ್ತು ಸ್ಕೂಲಲ್ಲಿ ಎರಡೆರಡು ದಿನ ಮಾಡಿದವರು ಹತ್ತು ಎಂಟ್ರಿ ಹಾಕಬೇಡಿ, ನೋಡಿದವರಿಗೆ ಈ ಮನುಷ್ಯ ಎಲ್ಲೂ ನಿಲ್ಲಲ್ಲ ಅನ್ಸುತ್ತೆ. 'ಬದಲಿ ಶಿಕ್ಷಕಿ, ಹತ್ತು ಶಾಲೆಗಳು' ಅಂತ ಒಂದೇ ತಲೆಬರಹ ಕೊಟ್ಟು ಕೆಳಗೆ ಎಲ್ಲಾ ಸೇರಿಸಿ, ಯಾವ ಸ್ಕೂಲು ಮತ್ತೆ ಮತ್ತೆ ಕರೀತೋ ಅದನ್ನ ಮೇಲೆ ಹಾಕಿ. ವಾಪಸ್ ಕರೆದ್ರು ಅನ್ನೋದೇ ಸರ್ಟಿಫಿಕೇಟ್. ದೊಡ್ಡ ಕಂಪನಿಗಳಿಗೆ ಕಳಿಸೋದಾದ್ರೆ ಜಾಹೀರಾತಲ್ಲಿ ಅವರು ಬಳಸಿರೋ ಪದಗಳನ್ನೇ ಬಳಸಿ, ಮೊದಲು ಓದೋದು ಎಷ್ಟೋ ಸಲ ಸಾಫ್ಟ್‌ವೇರು, ಅದಕ್ಕೆ 'ಪಾಠ ಮಾಡಿದೆ' ಮತ್ತು 'ಟ್ರೈನಿಂಗ್ ಕೊಟ್ಟೆ' ಎರಡೂ ಒಂದೇ ಅಂತ ಹೊಳೆಯುತ್ತೆ ಅಂತ ನಂಬ್ಕೊಂಡು ಕೂರೋದು ಬೇಡ.

ಎಲ್ಲಿ ಹುಡುಕೋದು

ಮೊದಲು ಇದು ತೀರ್ಮಾನ ಆಗ್ಲಿ: ಸ್ಕೂಲಲ್ಲೇ ಇರ್ಬೇಕಾ, ಹೊರಗೆ ಹೋಗ್ಬೇಕಾ. ಎರಡೂ ದೋಣಿಲಿ ಕಾಲಿಡೋದು ಒಂದು ತಿಂಗಳವರೆಗೆ ತಪ್ಪಲ್ಲ, ಆಮೇಲೆ ಎರಡೂ ಕಡೆ ಅರೆಬರೆ ಆಗುತ್ತೆ.

ಸ್ಕೂಲಲ್ಲೇ ಅನ್ನೋರಿಗೆ ಕ್ಯಾಲೆಂಡರ್ ಮುಖ್ಯ. ಎಲ್ಲರೂ ಅರ್ಜಿ ಹಾಕೋದು ವರ್ಷ ಶುರುವಾಗೋ ಮೊದಲು, ಆದ್ರೆ ಬದಲಿಯವರಿಗೆ ಬಾಗಿಲು ತೆಗೆಯೋದು ಶುರುವಾಗಿ ಎರಡು ಮೂರು ವಾರಕ್ಕೆ. ಸೇರ್ತೀನಿ ಅಂದವರು ಬಂದಿರಲ್ಲ, ಬಂದವರಲ್ಲಿ ಒಬ್ಬರು ಬಿಟ್ಟಿರ್ತಾರೆ, ಟೈಮ್‌ಟೇಬಲ್ ಹಾಕೋರು ತಲೆ ಮೇಲೆ ಕೈ ಹೊತ್ಕೊಂಡಿರ್ತಾರೆ. ಆ ಹೊತ್ತಿಗೆ ರೆಸ್ಯೂಮೆ ಹಿಡ್ಕೊಂಡು ನೇರ ಹೋಗಿ, ಮೊದಲ ಪೀರಿಯಡ್ ಟೈಮಲ್ಲಿ ಮಾತ್ರ ಹೋಗ್ಬೇಡಿ, ಆಗ ಅವರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ.

ಹೊರಗೆ ಅಂದ್ರೆ ಬರೀ ಟ್ಯೂಷನ್ ಅಲ್ಲ. ಕಂಪನಿಗಳಲ್ಲಿ ಹೊಸಬರಿಗೆ ಟ್ರೈನಿಂಗ್ ಕೊಡೋ ಕೆಲಸ ಇದೆ. ಆನ್‌ಲೈನ್ ಕೋರ್ಸ್ ರೂಪಿಸೋ ಕೆಲಸಕ್ಕೆ ಇನ್‌ಸ್ಟ್ರಕ್ಷನಲ್ ಡಿಸೈನ್ ಅಂತಾರೆ, ಅಲ್ಲಿ ಎಲ್ಲರ ಬಾಯಲ್ಲೂ ಇರೋದು ಆಡ್ಡೀ (ADDIE) ಅನ್ನೋ ಮಾಡೆಲ್, 1975ರ ಹೊತ್ತಿಗೆ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕೆ ಅಂತ ಮಾಡಿದ ಕೆಲಸದಿಂದ ಬಂದದ್ದು. ಯಾರಿಗೆ ಏನು ಬೇಕು ನೋಡು, ಪ್ಲಾನ್ ಮಾಡು, ತಯಾರಿಸು, ನಡೆಸು, ಕಲಿತ್ರಾ ಅಂತ ಪರೀಕ್ಷಿಸು. ಇಷ್ಟೇ. ಲೆಸನ್ ಪ್ಲಾನ್ ಬರೆದವರಿಗೆ ಇದು ಹಳೇ ಹಾಡು, ಹೆಸರು ಮಾತ್ರ ಹೊಸದು. ಕಾಲೇಜು ಯೂನಿವರ್ಸಿಟಿಗಳಲ್ಲಿ ಮೂಡಲ್ ಥರದ ಕಲಿಕಾ ಸಾಫ್ಟ್‌ವೇರ್ ನೋಡ್ಕೊಳ್ಳೋ ಸಪೋರ್ಟ್ ಹುದ್ದೆಗಳಿವೆ. ಮೂಡಲ್ ಬಂದದ್ದು 2002ರಲ್ಲಿ, ಉಚಿತ, ಮನೇಲೇ ಹಾಕ್ಕೊಂಡು ಒಂದು ಪಾಠ ಅದರಲ್ಲಿ ಕಟ್ಟಿ ನೋಡಬಹುದು, ಕಟ್ಟಿದ್ದನ್ನೇ ಇಂಟರ್‌ವ್ಯೂಗೆ ತೋರಿಸಬಹುದು. ಇಂಗ್ಲಿಷ್ ಚೆನ್ನಾಗಿದ್ದು ದೊಡ್ಡವರಿಗೆ ಭಾಷೆ ಕಲಿಸೋ ಆಸೆ ಇದ್ರೆ ಕೇಂಬ್ರಿಡ್ಜ್‌ನ ಸೆಲ್ಟಾ ಇದೆ, 120 ಗಂಟೆ ಕೋರ್ಸು, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೇ ಪಾಠ ಮಾಡಬೇಕು. ಪಠ್ಯಪುಸ್ತಕ ತಿದ್ದೋದು, ಪ್ರಶ್ನೆ ತಯಾರಿಸೋದು, ಮ್ಯೂಸಿಯಂ ಲೈಬ್ರರಿಗಳಲ್ಲಿ ಮಕ್ಕಳ ಕಾರ್ಯಕ್ರಮ ನಡೆಸೋದು, ಇವೂ ಇವೆ.

ಒಂದು ಮಾತು: ಕೆಲಸ ಹೋದ ಗಾಬರೀಲಿ ಮೊದಲೇ ದುಡ್ಡು ಸುರಿದು ಕೋರ್ಸ್ ಸೇರಬೇಡಿ. ಮೊದಲು ಇಪ್ಪತ್ತು ಜಾಹೀರಾತು ಓದಿ, ಆ ಸರ್ಟಿಫಿಕೇಟ್ ಎಷ್ಟರಲ್ಲಿ ಕೇಳಿದ್ದಾರೆ ಅಂತ ಎಣಿಸಿ, ಆಮೇಲೆ ಯೋಚ್ನೆ ಮಾಡಿ.

ಯಾರನ್ನ ಕೇಳೋದು

ಕೆಲಸ ಬೇಕು ಅಂತ ಹತ್ತಿರದವರ ಹತ್ರ ಹೇಳ್ಕೋತೀವಿ, ಆದ್ರೆ ಅವರಿಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನ ಲೆಕ್ಕ ಹಾಕಿ ತೋರಿಸಿದ್ರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ 'ಆ ಟೈಮಲ್ಲಿ ಅವರನ್ನ ಎಷ್ಟು ಸಲ ಭೇಟಿಯಾಗ್ತಿದ್ರಿ' ಅಂತ ಕೇಳಿದ್ರೆ, ಆಗಾಗ್ಗೆ ಅಂದವರು ಶೇ. 16.7 ಮಾತ್ರ, ಯಾವಾಗಲಾದ್ರೊಮ್ಮೆ ಅಂದವರು ಶೇ. 55.6, ಅಪರೂಪಕ್ಕೆ ಅಂದವರು ಶೇ. 27.8. ಬದಲಿ ಟೀಚರ್‌ಗೆ ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ, ಯಾಕಂದ್ರೆ ಅರ್ಧಂಬರ್ಧ ಪರಿಚಯದವರು ನಮಗಿರೋಷ್ಟು ಯಾರಿಗಿದ್ದಾರೆ? ಐದು ಸ್ಕೂಲು, ಐದು ಸ್ಟಾಫ್ ರೂಮು.

ಆದ್ರೆ 'ಏನಾದ್ರೂ ಇದ್ರೆ ಹೇಳಿ' ಅಂತ ಕಳಿಸಬೇಡಿ, ಅದನ್ನ ಓದಿದವರು 'ಖಂಡಿತ' ಅಂದು ಮರೀತಾರೆ. ನಾನು ಒಬ್ಬರಿಗೆ ಕಳಿಸಿದ್ದು ಇದು: 'ಮೇಡಂ ನಮಸ್ಕಾರ, ಹೋದ ವರ್ಷ ನಿಮ್ಮ ಪಕ್ಕದ ಕ್ಲಾಸಲ್ಲಿ ಗಣಿತ ತಗೋತಿದ್ದೆ, ಪ್ರೊಜೆಕ್ಟರ್ ಕೇಬಲ್ ಕೇಳ್ಕೊಂಡು ದಿನಾ ಬರ್ತಿದ್ದವನು. ಆ ಕೆಲಸ ಮುಗೀತು. ಟ್ರೈನಿಂಗ್ ಕಡೆ ನೋಡ್ತಿದ್ದೀನಿ. ನಿಮ್ಮ ತಮ್ಮ ಆ ಫೀಲ್ಡಲ್ಲಿದ್ದಾರೆ ಅಂದಿದ್ರಿ, ಹತ್ತು ನಿಮಿಷ ಫೋನಲ್ಲಿ ಮಾತಾಡಬಹುದಾ?' ಉತ್ತರ ಬಂತು: 'ಓ ಕೇಬಲ್ ಸರ್! ನಂಬರ್ ಕಳಿಸ್ತೀನಿ ತಡೀರಿ.' ಯಾರು ಅಂತ ನೆನಪಾಗೋ ಒಂದು ಗುರುತು, ಸುಲಭಕ್ಕೆ ಹೂಂ ಅನ್ನಬಹುದಾದ ಒಂದು ಕೋರಿಕೆ, ಅಷ್ಟು ಸಾಕು.

ಇಂಟರ್‌ವ್ಯೂ, ಡೆಮೋ

'ಯಾಕೆ ಬಿಟ್ರಿ' ಅಂದ್ರೆ ಒಂದೇ ವಾಕ್ಯ: ರಜೆಗೆ ಹೋದವರು ವಾಪಸ್ ಬಂದ್ರು. ನಿಲ್ಲಿಸಿ. ಸ್ಕೂಲ್ ಸರಿಯಿರಲಿಲ್ಲ, ದುಡ್ಡು ಲೇಟಾಗ್ತಿತ್ತು ಇವೆಲ್ಲ ನಿಜ ಇದ್ರೂ ಮೊದಲನೇ ನೋಟ್‌ಬುಕ್ಕಿಗೆ ಸೇರಿದ್ದು. 'ಯಾಕೆ ಕಾಯಂ ಆಗ್ಲಿಲ್ಲ' ಅಂದ್ರೆ ಹುದ್ದೆ ಖಾಲಿ ಇರಲಿಲ್ಲ ಅಂತ ಹೇಳಿ, ತಲೆ ತಗ್ಗಿಸಬೇಡಿ.

ಕ್ಲಾಸ್ ಕಂಟ್ರೋಲ್ ಬಗ್ಗೆ ಕೇಳೇ ಕೇಳ್ತಾರೆ. ಜೇಕಬ್ ಕೌನಿನ್ ಅನ್ನೋ ಮನಶ್ಶಾಸ್ತ್ರಜ್ಞ ಕ್ಲಾಸ್‌ರೂಮ್‌ಗಳ ವಿಡಿಯೋ ನೋಡಿ 1970ರಲ್ಲಿ ಹೇಳಿದ್ದು ಬದಲಿಯವರ ಅನುಭವಕ್ಕೆ ಹೇಳಿ ಮಾಡಿಸಿದ ಹಾಗಿದೆ: ಗದ್ದಲ ಆದ್ಮೇಲೆ ಟೀಚರ್ ಹೇಗೆ ಗದರಿಸ್ತಾರೆ ಅನ್ನೋದರಿಂದ ಅಷ್ಟೇನೂ ವ್ಯತ್ಯಾಸ ಆಗಲ್ಲ, ಆಗೋ ಮೊದಲೇ ಗಮನಿಸ್ತಾರಾ, ಪಾಠ ಎಲ್ಲೂ ಮುಗ್ಗರಿಸದೆ ಸಾಗುತ್ತಾ ಅನ್ನೋದೇ ಮುಖ್ಯ. ಬೆನ್ನಿಗೂ ಕಣ್ಣಿದೆ ಅಂತಾರಲ್ಲ, ಅದು. ಹಾಗಾಗಿ 'ನಾನು ಸ್ಟ್ರಿಕ್ಟ್' ಅನ್ನೋ ಬದಲು ಒಂದು ಘಟನೆ ಹೇಳಿ: ಹೆಸರು ಗೊತ್ತಿರದ ಕ್ಲಾಸಲ್ಲಿ ಹೋಗ್ತಿದ್ದ ಹಾಗೇ ಬೋರ್ಡ್ ಮೇಲೆ ಒಂದು ಲೆಕ್ಕ ಬರೆದಿಟ್ಟು, ಅವರು ಅದರಲ್ಲಿ ಮುಳುಗಿದ್ದಾಗ ಹಾಜರಿ ಜೊತೆಗೆ ಸೀಟಿಂಗ್ ಮ್ಯಾಪ್ ಬರ್ಕೊಂಡೆ, ಹತ್ತು ನಿಮಿಷದಲ್ಲಿ ಹಿಂದಿನ ಬೆಂಚಿನವನನ್ನೂ ಹೆಸರು ಹಿಡಿದು ಕರೆದೆ. ಹೀಗೆ. ಡೆಮೋಗೆ ಕರೆದ್ರೆ ಇಡೀ ಅಧ್ಯಾಯ ಮುಗಿಸೋಕೆ ಹೋಗ್ಬೇಡಿ, ಒಂದೇ ವಿಷಯ ತಗೊಳ್ಳಿ, ಕೊನೇ ಎರಡು ನಿಮಿಷ ಅವರಿಗೆ ಅರ್ಥ ಆಯ್ತಾ ಅಂತ ಕೇಳಿ ನೋಡೋಕೆ ಇಟ್ಕೊಳ್ಳಿ.

ಮೋಸದ ಬಗ್ಗೆ ಎರಡೇ ಸಾಲು. ಕೆಲಸ ಕೊಡೋಕೆ ಮೊದಲು ರಿಜಿಸ್ಟ್ರೇಷನ್, ಟ್ರೈನಿಂಗ್ ಕಿಟ್, ಡೆಪಾಸಿಟ್ ಅಂತ ದುಡ್ಡು ಕೇಳಿದ್ರೆ ಫೋನ್ ಇಡಿ. ಒಟಿಪಿ, ಬ್ಯಾಂಕ್ ಪಾಸ್‌ವರ್ಡ್ ಕೇಳೋರು ಯಾವ ಕೆಲಸಾನೂ ಕೊಡಲ್ಲ.

ಕೆಲಸ ಇಲ್ಲದ ದಿನದ ಟೈಮ್‌ಟೇಬಲ್

1930ರ ದಶಕದ ಶುರುವಿನಲ್ಲಿ ಆಸ್ಟ್ರಿಯಾದ ಮಾರಿಯೆಂತಾಲ್ ಅನ್ನೋ ಹಳ್ಳೀಲಿ ಫ್ಯಾಕ್ಟರಿ ಮುಚ್ಚಿ ಹೆಚ್ಚುಕಮ್ಮಿ ಊರಿಗೆ ಊರೇ ಕೆಲಸ ಕಳ್ಕೊಂಡಾಗ ಮರೀ ಯಾಹೋಡಾ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು ಅಲ್ಲೇ ಹೋಗಿ ನೋಡಿದ್ರು. ಟೈಮು ಬೇಕಾದಷ್ಟಿದೆ, ಜನ ಹೆಚ್ಚು ಓದಿರಬೇಕಲ್ವಾ? ಲೈಬ್ರರಿಯಿಂದ ಪುಸ್ತಕ ತಗೊಳ್ಳೋದು ಹೆಚ್ಚೋ ಬದಲು ಇಳಿದುಹೋಗಿತ್ತು, ರಸ್ತೇಲಿ ಗಂಡಸರು ನಡೆಯೋ ಸ್ಪೀಡೂ ನಿಧಾನ ಆಗಿತ್ತು. ಬೆಲ್ಲಿನ ಲೆಕ್ಕದಲ್ಲಿ ಬದುಕಿದ ನಮಗಂತೂ ಇದು ಬೇಗ ಹತ್ಕೊಳ್ಳುತ್ತೆ. ನಾನು ಹಳೇ ಪೀರಿಯಡ್‌ಗಳನ್ನೇ ಇಟ್ಕೊಂಡೆ: ಮೊದಲೆರಡು ಪೀರಿಯಡ್ ಅರ್ಜಿ, ಮೂರನೇದು ಫೋನು ಮೆಸೇಜು, ನಾಲ್ಕನೇದು ಮೂಡಲ್ ಕಲಿಯೋದು, ಆಮೇಲೆ ಲಾಂಗ್ ಬೆಲ್. ಕಳಿಸಿದ ಪ್ರತಿ ಅರ್ಜಿಗೂ ತಾರೀಕು, ಯಾರಿಗೆ, ಮುಂದೆ ಯಾವಾಗ ಕೇಳ್ಬೇಕು ಅಂತ ಒಂದು ಸಾಲು. ಅದಕ್ಕೂ ಕೆಂಪು ಪೆನ್ನೇ.

ಮಧ್ಯೆ ಹಳೇ ಸ್ಕೂಲಿಂದ 'ನಾಳೆ ಒಂದಿನ ಬರ್ತೀರಾ' ಅಂತ ಫೋನ್ ಬಂದೇ ಬರುತ್ತೆ. ಇಂಟರ್‌ವ್ಯೂ ಇಲ್ಲದ ದಿನ ಆದ್ರೆ ಹೋಗಿ, ದುಡ್ಡು ಬರುತ್ತೆ, ಸ್ಟಾಫ್ ರೂಮ್ ಸುದ್ದೀನೂ ಸಿಗುತ್ತೆ. ಇಂಟರ್‌ವ್ಯೂ ಇದ್ರೆ ಬರೋಕಾಗಲ್ಲ ಅಂತ ಹೇಳಿ, ಒಂದು ಸಲ ಇಲ್ಲ ಅಂದ್ರೆ ಪಟ್ಟಿಯಿಂದ ತೆಗೆದುಬಿಡ್ತಾರೇನೋ ಅಂತ ಹೆದರಿ ನಾನು ಒಂದು ಇಂಟರ್‌ವ್ಯೂ ತಪ್ಪಿಸ್ಕೊಂಡಿದ್ದೀನಿ. ಹೋದ್ರಂತೂ ಸಂಜೆ ಗೇಟ್ ದಾಟೋ ಮೊದಲು ಆಫೀಸಿಗೆ ಹೋಗಿ ಆ ಒಂದು ದಿನದ್ದಾದ್ರೂ ಸರಿ, ಸೈನು ಸೀಲು ಹಾಕಿಸ್ಕೊಂಡೇ ಬನ್ನಿ.