ಕೆಲಸದಲ್ಲಿ ಪೆಟ್ಟಾದರೆ ನಿಮ್ಮದೇ ಡಾಕ್ಟರು: ಕ್ಯಾಲಿಫೋರ್ನಿಯಾದಲ್ಲಿ ಫಾರಂ 9783 ತುಂಬಿ ಕೊಡುವುದು ಹೇಗೆ?

ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದುಕೊಳ್ಳಲಿ, ಹೋಟೆಲಿನ ಅಡುಗೆಮನೆಯಲ್ಲಿ ಕಾಲು ಜಾರಲಿ, ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿ ಬೆರಳುಗಳಿಗೆ ಜೋಮು ಹಿಡಿಯಲಿ, ಕ್ಯಾಲಿಫೋರ್ನಿಯಾದಲ್ಲಿ ಚಿಕಿತ್ಸೆಯ ಖರ್ಚು ಮಾಲೀಕರದು. ತಪ್ಪು ಯಾರದು ಎಂದು ಕಾನೂನು ಕೇಳುವುದಿಲ್ಲ. ಒಬ್ಬನೇ ನೌಕರನಿರುವ ಅಂಗಡಿಗೂ ಈ ಹೊಣೆ ತಪ್ಪಿದ್ದಲ್ಲ. ವೀಸಾ ಯಾವುದು, ಗ್ರೀನ್ ಕಾರ್ಡ್ ಬಂದಿದೆಯೇ ಎಂಬುದೂ ಇಲ್ಲಿ ಲೆಕ್ಕಕ್ಕಿಲ್ಲ. ಸಿಲಿಕಾನ್ ವ್ಯಾಲಿಯ ಕನ್ನಡಿಗರಲ್ಲಿ ಇಷ್ಟು ಗೊತ್ತಿರುವವರು ಬಹಳ ಮಂದಿ ಇದ್ದಾರೆ. ಚಿಕಿತ್ಸೆ ಕೊಡುವ ಡಾಕ್ಟರನ್ನು ಯಾರು ಆರಿಸಬೇಕು ಎಂಬ ವಿಷಯಕ್ಕೆ ಬಂದಾಗ ಮಾತ್ರ ಎಡವುತ್ತಾರೆ.

ಆ ಹಕ್ಕು ನಿಮ್ಮದಾಗಬಹುದು. ಆದರೆ ಗಾಯವಾಗುವ ಮೊದಲೇ ಒಂದು ಕಾಗದ ಮಾಲೀಕರ ಕೈ ಸೇರಿರಬೇಕು. ಗಾಯವಾದ ಮರುದಿನ ಕೊಟ್ಟ ಕಾಗದ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಗಾಯಕ್ಕೆ ಉಪಯೋಗಕ್ಕೆ ಬಾರದು.

ಡಾಕ್ಟರ ಆಯ್ಕೆ ಯಾಕೆ ಇಷ್ಟು ಮುಖ್ಯ?

ವರ್ಕರ್ಸ್ ಕಾಂಪ್‌ನಲ್ಲಿ (ಕೆಲಸದಲ್ಲಾದ ಗಾಯಕ್ಕೆ ಮಾಲೀಕರ ಖರ್ಚಿನಲ್ಲಿ ಚಿಕಿತ್ಸೆ, ಪರಿಹಾರ ಕೊಡಿಸುವ ಈ ವ್ಯವಸ್ಥೆಯಲ್ಲಿ) ನಿಮ್ಮನ್ನು ನೋಡಿಕೊಳ್ಳುವ ಮುಖ್ಯ ವೈದ್ಯರು ಬರೀ ಔಷಧಿ ಬರೆಯುವವರಲ್ಲ. ನೀವು ಕೆಲಸಕ್ಕೆ ಯಾವಾಗ ಮರಳಬೇಕು, ಮರಳಿದರೂ ಎಷ್ಟು ತೂಕ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು, ಎಂಆರ್‌ಐ ಬೇಕೇ, ಮೂಳೆ ತಜ್ಞರ ಬಳಿ ಕಳಿಸಬೇಕೇ, ಇನ್ನು ಇದಕ್ಕಿಂತ ಗುಣವಾಗುವುದಿಲ್ಲ ಎಂಬ ಹಂತ ಯಾವಾಗ ಬಂತು ಎಂಬುದನ್ನೆಲ್ಲ ಬರೆದು ಕೊಡುವವರು ಅವರೇ. ಕೆಲಸಕ್ಕೆ ಹೋಗಲಾಗದ ದಿನಗಳಲ್ಲಿ ಸಂಬಳದ ಮೂರನೇ ಎರಡರಷ್ಟು ಸಿಗುವ ತಾತ್ಕಾಲಿಕ ಪರಿಹಾರವೂ ಅವರ ಚೀಟಿಯ ಮೇಲೆ ನಿಂತಿದೆ. ಈ ಪರಿಹಾರಕ್ಕೆ ಕನಿಷ್ಠ, ಗರಿಷ್ಠ ಮಿತಿಗಳೂ ಉಂಟು.

ಮಾಲೀಕರ ಪಟ್ಟಿಯಲ್ಲಿರುವ ವೈದ್ಯರೆಲ್ಲ ಕಂಪನಿಯ ಕಡೆಯವರು ಎಂದರೆ ತಪ್ಪಾಗುತ್ತದೆ. ಒಳ್ಳೆಯ ತಜ್ಞರು ಅಲ್ಲೂ ಇದ್ದಾರೆ. ಆದರೂ ನಿಮ್ಮ ಸಕ್ಕರೆ ಕಾಯಿಲೆ, ಅಲರ್ಜಿ, ಹಳೆಯ ಬೆನ್ನುನೋವು ಎಲ್ಲ ಗೊತ್ತಿರುವ ವೈದ್ಯರು ನೋಡುವುದಕ್ಕೂ ಹದಿನೈದು ನಿಮಿಷದ ಪರಿಚಯದವರು ನೋಡುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಳೆಯ ಬೆನ್ನುನೋವಿನ ದಾಖಲೆ ನಿಮ್ಮ ವೈದ್ಯರ ಫೈಲಿನಲ್ಲೇ ಇರುವುದರಿಂದ, ಶಾಶ್ವತ ಊನದ ಲೆಕ್ಕ ಹಾಕುವಾಗ ಎಷ್ಟು ಪಾಲು ಹಳೆಯದು, ಎಷ್ಟು ಹೊಸದು ಎಂಬ ಪ್ರಶ್ನೆ ಬರುತ್ತದೆ. ಪಟ್ಟಿಯ ವೈದ್ಯರ ಬಳಿ ಹೋದರೂ ಆ ದಾಖಲೆಯನ್ನು ತರಿಸಿಕೊಳ್ಳಬಹುದು, ಹಾಗಾಗಿ ಅದಕ್ಕೆ ಹೆದರಿ ಹಕ್ಕು ಬಿಡಬೇಕಿಲ್ಲ.

2004ರ ಏಪ್ರಿಲ್‌ನಲ್ಲಿ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಸಹಿ ಹಾಕಿದ ಎಸ್‌ಬಿ 899 ಕಾಯ್ದೆ ಈ ವ್ಯವಸ್ಥೆಯನ್ನು ಬದಲಿಸಿತು. 2005ರಿಂದ ಮಾಲೀಕರು, ವಿಮಾ ಕಂಪನಿಗಳು ತಮ್ಮದೇ ವೈದ್ಯರ ಜಾಲ, ಅಂದರೆ ಮೆಡಿಕಲ್ ಪ್ರೊವೈಡರ್ ನೆಟ್‌ವರ್ಕ್ ಕಟ್ಟಿಕೊಳ್ಳಬಹುದಾಯಿತು. ಎಲ್ಲರೂ ಕರೆಯುವುದು ಎಂಪಿಎನ್ ಎಂದು. ಎಂಪಿಎನ್ ಇರುವ ಕಂಪನಿಯಲ್ಲಿ ಆ ಜಾಲದ ಆಚೆ ಚಿಕಿತ್ಸೆ ಪಡೆಯಲು ನೌಕರನಿಗಿರುವ ಮುಖ್ಯ ದಾರಿ ಪ್ರಿಡೆಸಿಗ್ನೇಷನ್, ಅಂದರೆ ನಿಮ್ಮ ವೈದ್ಯರ ಹೆಸರನ್ನು ಮುಂಚಿತವಾಗಿ ಬರೆದು ಕೊಡುವುದು.

ಮೊದಲ ಹೆಜ್ಜೆ: ನಿಮ್ಮ ವೈದ್ಯರು ಲೆಕ್ಕಕ್ಕೆ ಬರುತ್ತಾರೆಯೇ?

ನೀವು ಹೆಸರಿಸುವವರು ಎಂ.ಡಿ. ಅಥವಾ ಡಿ.ಓ. (ಆಸ್ಟಿಯೋಪತಿಕ್ ಮೆಡಿಸಿನ್) ಪದವಿಯ ವೈದ್ಯರಾಗಿರಬೇಕು. ಕುಟುಂಬ ವೈದ್ಯರು, ಜನರಲ್ ಪ್ರಾಕ್ಟೀಷನರ್, ಇಂಟರ್ನಲ್ ಮೆಡಿಸಿನ್ ವೈದ್ಯರು, ಮಕ್ಕಳ ವೈದ್ಯರು, ಸ್ತ್ರೀರೋಗ ಮತ್ತು ಹೆರಿಗೆ ತಜ್ಞರು ಆಗಬಹುದು. ಅವರು ಈ ಮೊದಲೇ ನಿಮಗೆ ಚಿಕಿತ್ಸೆ ಕೊಟ್ಟಿರಬೇಕು, ನಿಮ್ಮ ಆರೋಗ್ಯದ ದಾಖಲೆ ಅವರ ಬಳಿ ಇರಬೇಕು. ಇನ್ನೂ ಒಮ್ಮೆಯೂ ಕಾಣದ ವೈದ್ಯರ ಹೆಸರು ಬರೆದರೆ ಪ್ರಯೋಜನವಿಲ್ಲ. ಮೊದಲು ಹೋಗಿ ಒಂದು ತಪಾಸಣೆ ಮಾಡಿಸಿಕೊಂಡು ಬನ್ನಿ. ಮೂಳೆ ಶಸ್ತ್ರಚಿಕಿತ್ಸಕರನ್ನೇ ನೇರವಾಗಿ ಹೆಸರಿಸಲು ಬರುವುದಿಲ್ಲ. ಆದರೆ ನೀವು ಹೆಸರಿಸಿದ ವೈದ್ಯರು ಆಮೇಲೆ ನಿಮ್ಮನ್ನು ಎಂಪಿಎನ್ ಆಚೆಯ ತಜ್ಞರ ಬಳಿಗೂ ಕಳಿಸಬಹುದು. ಈ ಹಕ್ಕಿನ ನಿಜವಾದ ಬೆಲೆ ತಿಳಿಯುವುದು ಅಲ್ಲೇ.

ಒಬ್ಬರ ಬದಲು, ಹಲವು ವಿಭಾಗಗಳ ಎಂ.ಡಿ., ಡಿ.ಓ. ವೈದ್ಯರು ಒಂದೇ ಸಂಸ್ಥೆಯಾಗಿ ನಡೆಸುವ ಮೆಡಿಕಲ್ ಗ್ರೂಪನ್ನೂ ಹೆಸರಿಸಬಹುದು. ಆ ಗ್ರೂಪ್ ಹೆಚ್ಚಾಗಿ ನೋಡುವುದು ಕೆಲಸಕ್ಕೆ ಸಂಬಂಧಿಸದ ಸಾಮಾನ್ಯ ಕಾಯಿಲೆಗಳನ್ನಾಗಿರಬೇಕು.

ನಿಮ್ಮ ಕಡೆಯ ಷರತ್ತು ಒಂದೇ: ಗಾಯವಾದ ದಿನ, ಕೆಲಸಕ್ಕೆ ಸಂಬಂಧಿಸದ ಕಾಯಿಲೆಗಳಿಗೂ ನಿಮಗೆ ಆರೋಗ್ಯ ವಿಮೆ ಇರಬೇಕು. ಫಾರಂ ಕೊಟ್ಟ ದಿನ ವಿಮೆ ಇತ್ತು, ಪೆಟ್ಟಾದ ದಿನ ಇರಲಿಲ್ಲ ಎಂದಾದರೆ ಹಕ್ಕು ಹೋಯಿತು. ವಿಮೆ ಬದಲಿಸುವಾಗ ನಡುವೆ ಒಂದು ತಿಂಗಳು ಖಾಲಿ ಬಿಡುವವರು ಇದನ್ನು ನೆನಪಿಡಿ.

ಎರಡನೇ ಹೆಜ್ಜೆ: ವೈದ್ಯರನ್ನು ಕೇಳಿ ಒಪ್ಪಿಸಿ

ಹೆಚ್ಚಿನವರ ಪ್ರಯತ್ನ ನಿಲ್ಲುವುದು ಇಲ್ಲಿ. ವೈದ್ಯರು ಮೊದಲೇ ಒಪ್ಪಿರಬೇಕು ಎನ್ನುತ್ತದೆ ಕಾನೂನು, ಎಷ್ಟೋ ವೈದ್ಯರು ಒಪ್ಪುವುದಿಲ್ಲ. ಕಾರಣ ಬರವಣಿಗೆ. ಮೊದಲ ತಪಾಸಣೆಯಾದ 5 ದಿನದೊಳಗೆ ಅವರು ವೈದ್ಯರ ಮೊದಲ ವರದಿ ಕಳಿಸಬೇಕು. ಚಿಕಿತ್ಸೆ ಮುಂದುವರಿದಷ್ಟು ಕಾಲ ಹೆಚ್ಚೆಂದರೆ 45 ದಿನಕ್ಕೊಂದು ಪ್ರಗತಿ ವರದಿ ಬರೆಯಬೇಕು. ಪ್ರತಿ ಚಿಕಿತ್ಸೆಗೂ ಆರ್‌ಎಫ್‌ಎ ಎಂಬ ಅನುಮತಿ ಕೋರಿಕೆ ತುಂಬಬೇಕು. ಹಣ ಬರುವುದು ರಾಜ್ಯ ಸರ್ಕಾರ ಗೊತ್ತುಮಾಡಿದ ದರಪಟ್ಟಿಯಂತೆ.

ಆದ್ದರಿಂದ ಮುಂದಿನ ಸಲ ಮಾಮೂಲಿ ತಪಾಸಣೆಗೆ ಹೋದಾಗ ನೇರವಾಗಿ ಕೇಳಿ: "ಕೆಲಸದಲ್ಲಿ ನನಗೆ ಪೆಟ್ಟಾದರೆ ಚಿಕಿತ್ಸೆಯ ಹೊಣೆ ನೀವು ಹೊರುತ್ತೀರಾ? ವರ್ಕರ್ಸ್ ಕಾಂಪ್ ವರದಿಗಳನ್ನು ಬರೆಯುತ್ತೀರಾ?" ರಿಸೆಪ್ಷನ್ ಮೇಜಿನಲ್ಲಿ ಕೂತವರನ್ನು ಕೇಳಿದರೆ ಯೋಚಿಸದೆ ಇಲ್ಲ ಎಂದುಬಿಡುವ ಸಂಭವ ಹೆಚ್ಚು, ವೈದ್ಯರನ್ನೋ ಆಫೀಸ್ ಮ್ಯಾನೇಜರನ್ನೋ ಕೇಳಿ. ಒಪ್ಪಲಿಲ್ಲವಾದರೆ ಅದೇ ಕ್ಲಿನಿಕ್ಕಿನಲ್ಲಿ ನಿಮ್ಮನ್ನು ನೋಡಿದ್ದ ಇನ್ನೊಬ್ಬ ವೈದ್ಯರನ್ನು ವಿಚಾರಿಸಿ.

ಮೂರನೇ ಹೆಜ್ಜೆ: ಫಾರಂ ತುಂಬುವುದು

ಫಾರಂ ಹೆಸರು ಡಿಡಬ್ಲ್ಯುಸಿ 9783. ರಾಜ್ಯದ ಡಿವಿಷನ್ ಆಫ್ ವರ್ಕರ್ಸ್ ಕಾಂಪೆನ್ಸೇಷನ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹೊಸದಾಗಿ ಸೇರಿದವರಿಗೆ ಕಂಪನಿ ಕೊಡುವ ಕಾಗದಗಳ ಕಟ್ಟಿನಲ್ಲಿಯೂ ಇರುತ್ತದೆ, ಎಲ್ಲರೂ ಓದದೆ ಪಕ್ಕಕ್ಕಿಡುವ ಹಾಳೆಗಳ ನಡುವೆ. ತುಂಬುವುದು ಐದು ನಿಮಿಷದ ಕೆಲಸ. ಮೇಲೆ ಮಾಲೀಕರ ಹೆಸರು, ಕೆಳಗೆ ವೈದ್ಯರ ಅಥವಾ ಮೆಡಿಕಲ್ ಗ್ರೂಪಿನ ಹೆಸರು, ವಿಳಾಸ, ಫೋನ್ ನಂಬರ್. ನಂತರ ನಿಮ್ಮ ಹೆಸರು, ವಿಳಾಸ, ನಿಮ್ಮ ಆರೋಗ್ಯ ವಿಮೆ ಯಾರದು ಎಂಬ ವಿವರ, ಸಹಿ, ತಾರೀಕು. ಕೊನೆಯಲ್ಲಿ ವೈದ್ಯರ ಒಪ್ಪಿಗೆಯ ಸಹಿಗೆ ಜಾಗ.

ವೈದ್ಯರೇ ಸಹಿ ಹಾಕಬೇಕೆಂದಿಲ್ಲ, ಅವರು ನೇಮಿಸಿದ ಸಿಬ್ಬಂದಿ ಹಾಕಿದರೂ ನಡೆಯುತ್ತದೆ. ಯಾರೂ ಸಹಿ ಹಾಕದಿದ್ದರೆ ಒಪ್ಪಿಗೆ ಇದೆ ಎಂದು ತೋರಿಸುವ ಬೇರೆ ದಾಖಲೆ ಜೊತೆಗಿರಬೇಕು. ಬಾಯಿಮಾತಿನ ಒಪ್ಪಿಗೆ ನಂಬಿ ಆ ಜಾಗವನ್ನು ಖಾಲಿ ಬಿಟ್ಟರೆ, ಕ್ಲೇಮ್ ನೋಡಿಕೊಳ್ಳುವ ವಿಮಾ ಕಂಪನಿಯ ಅಡ್ಜಸ್ಟರ್ ಮೊದಲು ಬೆರಳಿಡುವುದು ಅಲ್ಲಿಗೇ.

9783.1 ಎಂಬ ಇನ್ನೊಂದು ಫಾರಂ ಇದೆ, ಅದು ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವವರು) ಮತ್ತು ಅಕ್ಯುಪಂಕ್ಚರ್ ಮಾಡುವವರಿಗೆ. ಎಂಪಿಎನ್ ಇರುವ ಕಂಪನಿಯಲ್ಲಿ ಅದು ಕೆಲಸಕ್ಕೆ ಬಾರದು. ಎಂಪಿಎನ್ ಇಲ್ಲದ ಕಡೆಯೂ ಕೈರೋಪ್ರಾಕ್ಟರ್ 24 ಭೇಟಿಗಳ ನಂತರ ನಿಮ್ಮ ಮುಖ್ಯ ವೈದ್ಯರಾಗಿ ಮುಂದುವರಿಯಲಾರರು. ನಂಬರು ಒಂದೇ ತರಹ ಇರುವುದರಿಂದ ಅದಲುಬದಲಾಗದಂತೆ ನೋಡಿಕೊಳ್ಳಿ.

ನಾಲ್ಕನೇ ಹೆಜ್ಜೆ: ಕೊಟ್ಟದ್ದಕ್ಕೆ ಗುರುತು

ಎಚ್‌ಆರ್ ಮೇಜಿನ ಮೇಲೆ ಇಟ್ಟು ಬಂದರೆ ಸಾಲದು. ಎರಡು ವರ್ಷದ ನಂತರ ಪೆಟ್ಟಾದಾಗ ಆ ಎಚ್‌ಆರ್ ಮಹಿಳೆ ಕಂಪನಿ ಬಿಟ್ಟಿರುತ್ತಾರೆ, ಫಾರಂ ಎಲ್ಲಿದೆಯೋ ಯಾರಿಗೂ ತಿಳಿದಿರುವುದಿಲ್ಲ. ಸ್ಕ್ಯಾನ್ ಮಾಡಿ ಇಮೇಲ್‌ಗೆ ಲಗತ್ತಿಸಿ ಕಳಿಸಿ. ವಿಷಯದ ಸಾಲಿನಲ್ಲಿ ಫಾರಂ ನಂಬರು ಮತ್ತು ನಿಮ್ಮ ಹೆಸರು ಇರಲಿ. ಒಳಗೆ, ಲಗತ್ತಿಸಿದ್ದು ನಿಮ್ಮ ವೈಯಕ್ತಿಕ ವೈದ್ಯರ ಮುಂಗಡ ನೋಟಿಸ್, ತಲುಪಿದ್ದಕ್ಕೆ ಉತ್ತರ ಬರೆಯಿರಿ ಎಂಬ ಎರಡು ಸಾಲು ಸಾಕು. ಒಂದು ಪ್ರತಿಯನ್ನು ನಿಮ್ಮ ಸ್ವಂತ ಇಮೇಲ್‌ಗೂ ಕಳಿಸಿಕೊಳ್ಳಿ, ಕೆಲಸ ಹೋದ ದಿನ ಕಂಪನಿಯ ಇಮೇಲ್ ತೆರೆಯುವುದಿಲ್ಲ. ಇನ್ನೊಂದು ಪ್ರತಿ ವೈದ್ಯರ ಫೈಲಿನಲ್ಲಿರಲಿ.

ಕಂಪನಿ ಬದಲಿಸಿದರೆ ಹೊಸ ಮಾಲೀಕರಿಗೆ ಹೊಸ ಫಾರಂ. ವೈದ್ಯರು ಬದಲಾದರೂ ಹೊಸದು. ಕೀಬೋರ್ಡ್ ನೋವಿನಂಥ ನಿಧಾನವಾಗಿ ಕೂಡಿ ಬರುವ ಗಾಯಗಳಲ್ಲಿ ಗಾಯವಾದ ದಿನ ಯಾವುದು ಎಂಬುದೇ ವಾದದ ವಿಷಯ. ಕೈ ನೋಯಲು ಶುರುವಾದ ಮೇಲೆ ಕೊಟ್ಟ ಫಾರಂ ಮೇಲೆ ತಕರಾರು ಬರುವುದು ಸುಲಭ. ಐಟಿಯವರು ಸೇರಿದ ವಾರದಲ್ಲೇ ಕೊಟ್ಟುಬಿಡುವುದು ಒಳ್ಳೆಯದು.

ಪೆಟ್ಟಾದ ದಿನ

ಜೀವಕ್ಕೆ ಅಪಾಯವಿದ್ದರೆ 911, ಇಲ್ಲವೇ ಹತ್ತಿರದ ಯಾವುದೇ ತುರ್ತು ಚಿಕಿತ್ಸಾ ವಿಭಾಗ. ಆಗ ಪಟ್ಟಿ, ಫಾರಂ ಯಾವುದನ್ನೂ ನೋಡಬೇಡಿ. ಕೆಲಸದಲ್ಲಿ ಆದ ಗಾಯ ಎಂದು ಅಲ್ಲಿನವರಿಗೆ ಹೇಳಿ.

ಮಾಲೀಕರಿಗೆ 30 ದಿನದೊಳಗೆ ತಿಳಿಸಬೇಕು. ಅದೇ ದಿನ ಬರವಣಿಗೆಯಲ್ಲಿ ತಿಳಿಸಿದರೆ ಇನ್ನೂ ಒಳ್ಳೆಯದು. ತಿಳಿದ ಒಂದು ಕೆಲಸದ ದಿನದೊಳಗೆ ಅವರು ನಿಮಗೆ ಡಿಡಬ್ಲ್ಯುಸಿ 1 ಎಂಬ ಕ್ಲೇಮ್ ಫಾರಂ ಕೊಡಬೇಕು. ಕೊಡದಿದ್ದರೆ ಜಾಲತಾಣದಿಂದ ಇಳಿಸಿಕೊಳ್ಳಿ. ನೌಕರನ ಭಾಗವನ್ನು ಮಾತ್ರ ತುಂಬಿ, ನೋವಿರುವ ಎಲ್ಲ ಅಂಗಗಳನ್ನೂ ಬರೆಯಿರಿ. ಮೊಣಕಾಲಿನ ನೋವು ಜೋರಾಗಿದೆ ಎಂದು ಅದನ್ನಷ್ಟೇ ಬರೆದು ಸೊಂಟವನ್ನು ಬಿಟ್ಟರೆ, ಆಮೇಲೆ ಸೊಂಟಕ್ಕೂ ಈ ಬೀಳುವಿಕೆಗೂ ಸಂಬಂಧವಿಲ್ಲ ಎಂಬ ಮಾತು ಬರುತ್ತದೆ.

ಕ್ಲೇಮ್ ಫಾರಂ ಸಲ್ಲಿಸಿದ ಒಂದು ಕೆಲಸದ ದಿನದೊಳಗೆ ಚಿಕಿತ್ಸೆಗೆ ಅನುಮತಿ ಸಿಗಬೇಕು. ಕ್ಲೇಮ್ ಒಪ್ಪುವ ಇಲ್ಲವೇ ತಿರಸ್ಕರಿಸುವ ತನಕ 10,000 ಡಾಲರ್‌ವರೆಗಿನ ಚಿಕಿತ್ಸೆಯ ಹೊಣೆ ಮಾಲೀಕರದು. 90 ದಿನದೊಳಗೆ ತಿರಸ್ಕರಿಸದಿದ್ದರೆ ಸಾಮಾನ್ಯವಾಗಿ ಗಾಯ ಕೆಲಸದ್ದೇ ಎಂದು ಕಾನೂನು ಭಾವಿಸುತ್ತದೆ. ನೀವು ಕೋಪೇ, ಅಂದರೆ ಭೇಟಿಗೊಮ್ಮೆ ಕೈಯಿಂದ ಕೊಡುವ ಪಾಲು, ಕೊಡಬೇಕಿಲ್ಲ.

ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಫಾರಂ 9783 ಮೇಲೆ ಬರುತ್ತಿದ್ದೇನೆ ಎನ್ನಿ. ಮೇಲ್ವಿಚಾರಕರು ಬೇರೆ ಕ್ಲಿನಿಕ್ಕಿಗೆ ಹೊರಡಿಸಿದರೆ ಫಾರಂ ಪ್ರತಿ ತೋರಿಸಿ.

ಇಂಗ್ಲಿಷ್ ಸಲೀಸಾಗಿ ಬಾರದವರಿಗೆ ಚಿಕಿತ್ಸೆಯ ಭೇಟಿಗಳಲ್ಲಿ ಅರ್ಹ ದುಭಾಷಿ ಪಡೆಯುವ ಹಕ್ಕಿದೆ, ಕನ್ನಡಕ್ಕೂ ಅದು ಅನ್ವಯಿಸುತ್ತದೆ. ಕಿರಾಣಿ ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ಹಿರಿಯರಿಗೆ ಇದನ್ನು ಹೇಳಿ. ಮಕ್ಕಳನ್ನೋ ಸಹೋದ್ಯೋಗಿಯನ್ನೋ ಕೂರಿಸಿಕೊಂಡು ನೋವಿನ ವಿವರ ಹೇಳಿದರೆ ವರದಿಯಲ್ಲಿ ಅರ್ಧ ಬಿಟ್ಟುಹೋಗುತ್ತದೆ.

ಫಾರಂ ಕೊಟ್ಟಿರಲಿಲ್ಲ, ಈಗೇನು?

ಕಂಪನಿಗೆ ಎಂಪಿಎನ್ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ತಿಳಿಸಿದ ದಿನದಿಂದ 30 ದಿನ ಮಾತ್ರ ವೈದ್ಯರ ಆಯ್ಕೆ ಮಾಲೀಕರದು, ಆಮೇಲೆ ನಿಮ್ಮದು. ಆ ಮೂವತ್ತು ದಿನಗಳಲ್ಲೂ ಒಂದು ಸಲ ವೈದ್ಯರನ್ನು ಬದಲಿಸಿಕೊಡಿ ಎಂದು ಕೇಳಬಹುದು.

ಎಂಪಿಎನ್ ಇದ್ದರೆ ಮೊದಲ ಭೇಟಿ ಅವರು ಹೇಳಿದ ವೈದ್ಯರಲ್ಲಿ. ಅದಾದ ಮೇಲೆ ಜಾಲದೊಳಗೆ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು. ಇದು ತಿಳಿಯದೆ ಮೊದಲ ದಿನದ ಕ್ಲಿನಿಕ್ಕಿಗೇ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಪೂರ್ತಿ ಪಟ್ಟಿ ಕೇಳಿ ಪಡೆಯಿರಿ. ಮನೆ ಅಥವಾ ಕೆಲಸದ ಜಾಗದಿಂದ 30 ನಿಮಿಷ ಇಲ್ಲವೇ 15 ಮೈಲಿಯೊಳಗೆ ಮುಖ್ಯ ವೈದ್ಯರು ಕನಿಷ್ಠ ಮೂವರು, 60 ನಿಮಿಷ ಇಲ್ಲವೇ 30 ಮೈಲಿಯೊಳಗೆ ತಜ್ಞರು ಇರಬೇಕು ಎಂಬುದು ನಿಯಮ. ಪಟ್ಟಿಯಲ್ಲಿರುವವರು ಊರು ಬಿಟ್ಟಿದ್ದರೆ, ಹೊಸ ರೋಗಿಗಳನ್ನು ತೆಗೆದುಕೊಳ್ಳದಿದ್ದರೆ, ಎಂಪಿಎನ್‌ನ ಮೆಡಿಕಲ್ ಆಕ್ಸೆಸ್ ಅಸಿಸ್ಟೆಂಟ್‌ಗೆ, ಅಂದರೆ ಜಾಲದಲ್ಲಿ ವೈದ್ಯರನ್ನು ಹುಡುಕಿಕೊಡುವ ಸಹಾಯಕರಿಗೆ, ಕರೆ ಮಾಡಿ. ಸೋಮವಾರದಿಂದ ಶನಿವಾರ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಅವರು ಸಿಗಬೇಕು. ಕರೆ ಮಾಡಿದ ದಿನ, ಹೊತ್ತು, ಮಾತಾಡಿದವರ ಹೆಸರು ಬರೆದಿಡಿ. ನಿಯಮದ ಅವಧಿಯಲ್ಲಿ ವೈದ್ಯರನ್ನು ಒದಗಿಸಲಾಗದಿದ್ದರೆ ಜಾಲದ ಆಚೆ ಹೋಗಲು ನಿಮಗೆ ಆ ಟಿಪ್ಪಣಿಯೇ ಆಧಾರ. ರೋಗ ನಿರ್ಣಯ ಸರಿಯಿಲ್ಲ ಅನಿಸಿದರೆ ಜಾಲದೊಳಗೆ ಎರಡನೇ, ಮೂರನೇ ಅಭಿಪ್ರಾಯ ಕೇಳುವ ಹಕ್ಕೂ ಇದೆ.

ಇನ್ನೊಂದು ದಾರಿಯನ್ನು ಕಡೆಗಣಿಸಬೇಡಿ. ವರ್ಕರ್ಸ್ ಕಾಂಪ್ ಹಕ್ಕುಗಳ ನೋಟಿಸನ್ನು ಮಾಲೀಕರು ನೌಕರರ ಕಣ್ಣಿಗೆ ಬೀಳುವಲ್ಲಿ ಅಂಟಿಸಿರಲೇಬೇಕು. ಅಂಟಿಸದೇ ಇದ್ದ ಅವಧಿಯಲ್ಲಿ ಗಾಯವಾದರೆ ನೌಕರ ತನ್ನ ವೈಯಕ್ತಿಕ ವೈದ್ಯರ ಬಳಿ ಹೋಗಬಹುದು. ಚಿಕ್ಕ ಅಂಗಡಿಗಳಲ್ಲಿ ಗೋಡೆಯನ್ನು ಒಮ್ಮೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ನಿಮ್ಮ ವೈದ್ಯರು ಬರೆದದ್ದೆಲ್ಲ ಸಿಗುತ್ತದೆಯೇ?

ಇಲ್ಲ. ಡಾಕ್ಟರು ನಿಮ್ಮವರಾದರೂ ಅವರು ಕೇಳಿದ ಚಿಕಿತ್ಸೆಯನ್ನು ವಿಮಾ ಕಂಪನಿ ಯುಟಿಲೈಸೇಷನ್ ರಿವ್ಯೂಗೆ, ಅಂದರೆ ಆ ಚಿಕಿತ್ಸೆ ಅಗತ್ಯವೇ ಎಂಬ ಪರಿಶೀಲನೆಗೆ, ಹಾಕುತ್ತದೆ. ಸಾಮಾನ್ಯವಾಗಿ 5 ಕೆಲಸದ ದಿನಗಳಲ್ಲಿ ತೀರ್ಮಾನವಾಗಬೇಕು. ವೈದ್ಯಕೀಯವಾಗಿ ಅಗತ್ಯವಿಲ್ಲ ಎಂದು ತಿರಸ್ಕರಿಸುವ ಅಧಿಕಾರ ವೈದ್ಯರಿಗೆ ಮಾತ್ರ, ಅಡ್ಜಸ್ಟರ್‌ಗೆ ಇಲ್ಲ. ತಿರಸ್ಕರಿಸಿದರೆ ಪತ್ರದ ಜೊತೆಗೇ ಸ್ವತಂತ್ರ ಪರಿಶೀಲನೆಯ, ಅಂದರೆ ಐಎಂಆರ್ ಅರ್ಜಿ ಬರುತ್ತದೆ. ಅದರಲ್ಲಿ ನಿಮ್ಮ ಪಾಲಿಗೆ ಉಳಿದಿರುವುದು ಸಹಿ ಮಾತ್ರ. 30 ದಿನದೊಳಗೆ ಕಳಿಸಿ. ಔಷಧಿ ಪಟ್ಟಿಯ ತಕರಾರಾದರೆ 10 ದಿನ. ಖರ್ಚು ಮಾಲೀಕರದು. ಗಡುವು ದಾಟಿಸಿ ಸೋಲುವವರು ಬಹಳ, ಅಂಚೆ ಬಂದ ದಿನವೇ ಲಕೋಟೆ ಒಡೆದು ನೋಡಿ.

ಈ ನಿಯಮಗಳು ಕ್ಯಾಲಿಫೋರ್ನಿಯಾಕ್ಕೆ ಮಾತ್ರ. ನ್ಯೂಯಾರ್ಕ್‌ನಲ್ಲಿ ವರ್ಕರ್ಸ್ ಕಾಂಪ್ ಮಂಡಳಿ ಮಾನ್ಯ ಮಾಡಿದ ವೈದ್ಯರಲ್ಲಿ ಸಾಮಾನ್ಯವಾಗಿ ನೌಕರನೇ ಆರಿಸಿಕೊಳ್ಳುತ್ತಾನೆ. ನ್ಯೂಜೆರ್ಸಿಯಲ್ಲಿ ಆಯ್ಕೆ ಮಾಲೀಕರದು ಮತ್ತು ಅವರ ವಿಮಾ ಕಂಪನಿಯದು. ಬೇರೆ ರಾಜ್ಯಕ್ಕೆ ಕೆಲಸ ಬದಲಿಸಿದವರು ಅಲ್ಲಿನದನ್ನು ಹೊಸದಾಗಿ ವಿಚಾರಿಸಬೇಕು.

ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು, ಶಿಕ್ಷಿಸುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಎಲ್ಲಿಯಾದರೂ ತೊಡಕಾದರೆ ಡಿಡಬ್ಲ್ಯುಸಿಯ ಇನ್ಫರ್ಮೇಷನ್ ಅಂಡ್ ಅಸಿಸ್ಟೆನ್ಸ್ ವಿಭಾಗದ ಅಧಿಕಾರಿಗಳು ಶುಲ್ಕವಿಲ್ಲದೆ ಮಾರ್ಗದರ್ಶನ ಕೊಡುತ್ತಾರೆ: 1-800-736-7401. ಕರೆ ಮಾಡುವಾಗ ಫಾರಂ 9783ರ ಪ್ರತಿ, ಅದನ್ನು ಕಳಿಸಿದ ಇಮೇಲ್ ಮತ್ತು ಡಿಡಬ್ಲ್ಯುಸಿ 1ರ ಪ್ರತಿ ಕೈಯಲ್ಲಿರಲಿ, ಅವರು ಮೊದಲು ಕೇಳುವುದು ಆ ತಾರೀಕುಗಳನ್ನು.